ಮನೆಯ ಹವಾಮಾನ ವರದಿ

ಉದ್ಘೋಷಕರನ್ನು ನಾನು ಮೊದಲು ಕಂಡದ್ದು ಅವರು ನಮ್ಮ ಬೀದಿಯ ಮೂಲೆಮನೆಗೆ ಸಂಸಾರ ಸಮೇತ ಬಂದಿಳಿದ ದಿನ. ಸಾಮಾನಿನ ಲಾರಿಯ ಹಿಂದೆ ನಿಂತು, ಬೀರು ಇಳಿಸುತ್ತಿದ್ದವರಿಗೆ ಅವರು "ಮೆಲ್ಲಗೆ..." ಎಂದರು. ಅಷ್ಟೇ. ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ದಿನಾ ಬೆಳಿಗ್ಗೆ ರೇಡಿಯೋದಲ್ಲಿ "ನಮಸ್ಕಾರಾ..." ಎಂದು ಒಂದು ಫರ್ಲಾಂಗು ಎಳೆಯುತ್ತಿದ್ದ ಆ ಕಂಠವನ್ನು ಗುರುತಿಸದವರು ಯಾರು? ಎಲ್ಲರೂ ಕತ್ತು ಚಾಚಿ ನೋಡುತ್ತಿರುವಾಗಲೇ ಲಾರಿಯೊಳಗಿಂದ ಇನ್ನೊಂದು ಧ್ವನಿ ಬಂತು.

"ರೀ, ಬಾಯಲ್ಲಿ ಮೆಲ್ಲಗೆ ಅಂದ್ರೆ ಬೀರು ತಾನಾಗೇ ನಡ್ಕೊಂಡು ಒಳಗೆ ಹೋಗಲ್ಲ. ಒಂದು ಕೈ ಹಾಕಿ!"

ಊರನ್ನೇ ಎಬ್ಬಿಸುತ್ತಿದ್ದ ಕಂಠ ಬೀರಿನ ಒಂದು ಮೂಲೆಗೆ ಹೆಗಲು ಕೊಟ್ಟು ಮನೆಯೊಳಗೆ ನಡೆಯಿತು.

ಆ ಎರಡನೆಯ ಧ್ವನಿ ಅವರ ಹೆಂಡತಿಯದು. ಮನೆಯ ಮುಂಗೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರಗಳನ್ನಿಟ್ಟು ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಸಿಕೊಡುವುದು ಆಕೆಯ ಉದ್ಯೋಗ. ಬೆಳಗಾಗುವ ಮೊದಲೇ ಯಂತ್ರಗಳು ಗಡಗಡಿಸಲು ತೊಡಗಿದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳಿಸದು. ಹೀಗಾಗಿ ಊರಿಗೆಲ್ಲ ಕೇಳಿಸುತ್ತಿದ್ದ ಗಂಡನ ಕಾರ್ಯಕ್ರಮ ಆಕೆಗೊಬ್ಬಳಿಗೆ ಕೇಳಿಸುತ್ತಿರಲಿಲ್ಲ. "ಇಡೀ ದಿನ ಕೇಳೋದೇ ಸಾಕಾಗಿದೆ, ಅದಕ್ಕೊಂದು ಪೆಟ್ಟಿಗೆ ಬೇರೆ ಬೇಕಾ?" ಎಂದು ಆಕೆ ಮನೆಗೆ ರೇಡಿಯೋವನ್ನೇ ತರಿಸಿರಲಿಲ್ಲ.

ಇದು ಉದ್ಘೋಷಕರ ಮನಸ್ಸಿಗೆ ನೋವಿನ ಸಂಗತಿಯಾಗಿತ್ತು ಎಂದು ನೀವು ತಿಳಿದರೆ ತಪ್ಪಾದೀತು. ಅದು ಅವರ ಜೀವವಿಮೆಯಾಗಿತ್ತು.

ಕಾರಣವಿದೆ. ಅವರ ಕಾರ್ಯಕ್ರಮದ ಹೆಸರು 'ಹಲ್ಲುಜ್ಜುವ ಹೊತ್ತು'. ಅದರಲ್ಲಿ ಸುಭಾಷಿತ, ಆರೋಗ್ಯದ ಸಲಹೆ, ಎರಡು ಹಾಡು ಮುಗಿದ ಮೇಲೆ ಊರಿನ ಹವಾಮಾನ ಬರುತ್ತಿತ್ತು. ಊರಿನದು ಮುಗಿದೊಡನೆ ಉದ್ಘೋಷಕರು ಗಂಟಲು ಸರಿಪಡಿಸಿಕೊಂಡು, "ಇನ್ನು ನಮ್ಮ ಮನೆಯ ಹವಾಮಾನ," ಎನ್ನುತ್ತಿದ್ದರು. "ಅಡುಗೆಮನೆಯ ದಿಕ್ಕಿನಿಂದ ಮುಂಜಾನೆಯೇ ಗುಡುಗಿನ ಸದ್ದು. ಮಧ್ಯಾಹ್ನದ ಊಟದ ವೇಳೆಗೆ ಕೆಲವೆಡೆ ಆಲಿಕಲ್ಲು ಬೀಳುವ ಸಂಭವ. ಪುರುಷರು ತಗ್ಗು ಪ್ರದೇಶದಲ್ಲಿ ಆಶ್ರಯ ಪಡೆಯುವುದು ಒಳ್ಳೆಯದು." ಊರಿನ ಗಂಡಸರು ಬಾಯಿಯ ನೊರೆ ಕನ್ನಡಿಗೆ ಹಾರುವಂತೆ ನಗುತ್ತಿದ್ದರು. ಹೆಂಗಸರೂ ನಗುತ್ತಿದ್ದರು, ಗುಡುಗು ಪಕ್ಕದ ಮನೆಯದಾದರೆ ಯಾರಿಗೇನು ಕಷ್ಟ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಎಚ್ಚರಿಕೆಯ ಗಾದೆ ಅದು. ಉದ್ಘೋಷಕರು ಮಾತ್ರ ಅದನ್ನು ಅಭಯವಾಕ್ಯವೆಂದು ಓದಿಕೊಂಡಿದ್ದರು. ರೇಡಿಯೋದಲ್ಲಿ ಆಡಿದ್ದು ಹೋಯಿತು, ಗಾಳಿಯಲ್ಲಿ ಕರಗಿತು. ಇನ್ನು ಸಾಕ್ಷಿ ಎಲ್ಲಿಯದು?

ಹೀಗಿರುವಾಗ ರೇಡಿಯೋ ನಿಲಯಕ್ಕೆ ಹೊಸ ನಿರ್ದೇಶಕಿ ಬಂದರು. ಬಂದ ವಾರದಲ್ಲೇ ಉದ್ಘೋಷಕರನ್ನು ಕರೆದು ಗೋಡೆಯಗಲದ ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಕಾಯಿಲೆಯವನ ಜ್ವರದ ಪಟ್ಟಿಯಂತಿತ್ತು ಅದು.

"ಸರ್, ಈಗ ಯಾರೂ ಹಲ್ಲುಜ್ಜುತ್ತಾ ರೇಡಿಯೋ ಕೇಳಲ್ಲ. ಕಾರಲ್ಲಿ ಕೂತು, ಮುಂದಿನ ಗಾಡಿಯವನನ್ನ ನೋಡಿ ಹಲ್ಲು ಕಡೀತಾ ಕೇಳ್ತಾರೆ. ಹೊಸ ಕಾರುಗಳೆಲ್ಲ ಇಂಟರ್‌ನೆಟ್ಟಿಗೆ ಸೇರ್ಕೊಂಡಿವೆ. ಯಾವ ಮಾತಿಗೆ ಆಫ್ ಮಾಡಿದ್ರು, ಯಾವ ಮಾತಿಗೆ ಸೌಂಡ್ ಜಾಸ್ತಿ ಮಾಡಿದ್ರು, ಎಲ್ಲಾ ಕಾರೇ ನಮಗೆ ಬಂದು ಹೇಳತ್ತೆ."

"ಅಂದ್ರೆ ಕಾರು ಚಾಡಿ ಹೇಳತ್ತಾ ಮೇಡಂ?"

"ಮಾಹಿತಿ ಕೊಡತ್ತೆ, ಸರ್. ಇಲ್ನೋಡಿ, ನಿಮ್ಮ ನಮಸ್ಕಾರ. ಗೆರೆ ಹೇಗೆ ಜಾರಿದೆ! ನೀವು ನಮಸ್ಕಾರ ಮುಗಿಸೋದ್ರೊಳಗೆ ಜನ ಎರಡು ಸಿಗ್ನಲ್ ದಾಟಿರ್ತಾರೆ."

ಸುಭಾಷಿತಕ್ಕೆ ಗೆರೆ ಇನ್ನಷ್ಟು ಜಾರಿತ್ತು. ಆರೋಗ್ಯದ ಸಲಹೆಯ ಹೊತ್ತಿಗೆ ಪಾತಾಳ ಕಂಡಿತ್ತು. ಮನೆಯ ಹವಾಮಾನ ಬಂದಾಗ ಮಾತ್ರ ಏಣಿ ಹಾಕಿದಂತೆ ಮೇಲೇರಿತ್ತು.

"ಇದೊಂದೇ ನಿಮ್ಮನ್ನ ಉಳಿಸಿರೋದು, ಸರ್. ಇದನ್ನೇ ಬೆಳೆಸಿ. ಗೆರೆ ಬಿದ್ರೆ ಕಾರ್ಯಕ್ರಮ ನಿಲ್ಲಿಸ್ತೀವಿ. ಸಮಯ ಹೇಳೋದಕ್ಕೆ ಈಗ ಯಂತ್ರದ ಧ್ವನಿಯೇ ಇದೆ. ಅದಕ್ಕೆ ರಜೆ ಬೇಡ, ನೆಗಡಿಯೂ ಬರಲ್ಲ." ಆಮೇಲೆ ಸಮಾಧಾನಕ್ಕೆಂಬಂತೆ, "ನೀವು ಮಾತಾಡುವಾಗ ಕಾರಿನ ಪರದೆ ಮೇಲೆ ನಿಮ್ಮ ಫೋಟೋ ಬರತ್ತೆ," ಎಂದೂ ಸೇರಿಸಿದರು.

ಉದ್ಘೋಷಕರು ಫೋಟೋ ಎಂಬಲ್ಲಿಗೆ ಮಿಕ್ಕದ್ದನ್ನು ಮರೆತರು. ಆಯುಷ್ಯವೆಲ್ಲ ಅಶರೀರವಾಣಿಯಾಗಿ ಬದುಕಿದವರಿಗೆ ಒಮ್ಮೆಗೇ ಶರೀರ ಸಿಗುತ್ತದೆಂದರೆ ಸಾಮಾನ್ಯವೇ?

ಆ ಸಮಯಕ್ಕೆ ಸರಿಯಾಗಿ ಅವರ ಹೆಂಡತಿ ಬಟ್ಟೆಯ ಮೂಟೆಗಳನ್ನು ಶಾಲೆಗಳಿಗೆ ಸಾಗಿಸಲು ಒಂದು ಕಾರು ನೋಡುತ್ತಿದ್ದಳು. ಆಕೆಗೆ ಬೇಕಾಗಿದ್ದದ್ದು ಡಿಕ್ಕಿ ದೊಡ್ಡದಾಗಿರುವ ಗಾಡಿ. ಪರದೆಯಿರುವ ಹೊಸ ಮಾದರಿಯೇ ಆಗಬೇಕೆಂದು ಹಟ ಹಿಡಿದವರು ಉದ್ಘೋಷಕರು. (ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುವವರು ಬಹಳ ಜನ, ಅಂಗಡಿಗೆ ಹೋಗಿ ಕಲ್ಲು ಆರಿಸಿ ತಂದವರು ಇವರೊಬ್ಬರೇ.)

ಕಾರು ಬಂದ ಮೊದಲ ಭಾನುವಾರ ಹೆಂಡತಿ ಸ್ಟಿಯರಿಂಗ್ ಚಕ್ರ ಹಿಡಿದಳು, ಗಂಡ ಪಕ್ಕದಲ್ಲಿ ಕುಳಿತರು. ಬೀದಿ ದಾಟುವ ಮೊದಲೇ ಅವರು ಪರದೆಯನ್ನು ಒತ್ತಿ, "ನೋಡು, ನೋಡು, ಈಗ ಯಾರು ಬರ್ತಾರೆ ನೋಡು!" ಎಂದರು. ಅವರ ಫೋಟೋ ಬಂತು. ಹತ್ತು ವರ್ಷದ ಹಿಂದಿನದು, ತಲೆತುಂಬ ಕೂದಲಿದ್ದದ್ದು. ಹೆಂಡತಿ ಏನಾದರೂ ಅನ್ನುವುದರೊಳಗೆ ಕಾರೇ ಮಾತಾಡಿತು. (ಅದರ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಸಿಕ್ಕಿದ ಕಡೆ ಅಂಟಿಕೊಂಡಿದ್ದವು, ಕ್ಷಮಿಸಿಬಿಡೋಣ, ಯಂತ್ರ.)

"ಹಲ್ಲುಜ್ಜುವ ಹೊತ್ತು. ನೀವು ಕೇಳದೇ ಇರುವ ಎಲ್ಲಾ ಕಂತುಗಳನ್ನು ಲಭ್ಯವಿದೆ. ಹಳೆಯದರಿಂದ ಆರಂಭಿಸಲೇ?"

ಉದ್ಘೋಷಕರು ಸೀಟಿನ ತುದಿಗೆ ಸರಿದರು. "ಎಲ್ಲಾ ಕಂತು ಅಂದ್ರೆ?"

"ಅಂದ್ರೆ ಎತ್ತಿಟ್ಟಿದ್ದಾರೆ ಅಂತ ಕಾಣತ್ತೆ. ಒಳ್ಳೇದೇ ಆಯ್ತು," ಎಂದಳು ಹೆಂಡತಿ ಸರಳ ಮನಸ್ಸಿನಿಂದ. "ಒಂದು ದಿನಾನೂ ಕೇಳಲಿಲ್ಲ ನಾನು, ಪಾಪ. ಹೂಂ, ಶುರು ಮಾಡಮ್ಮ."

ಶುರುವಾಯಿತು. ನಮಸ್ಕಾರ ಆಯಿತು. ಸುಭಾಷಿತ ಆಯಿತು. "ಎಷ್ಟು ಚೆನ್ನಾಗಿ ಹೇಳ್ತೀರಿ ರೀ!" ಎಂದಳು. ಉದ್ಘೋಷಕರು ಬೆವರುತ್ತಾ ಪರದೆಯ ಕಡೆ ಬೆರಳು ಚಾಚಿದರು. ಕಾರು, "ಚಾಲಕರ ಆಯ್ಕೆಗೆ ಆದ್ಯತೆ," ಎಂದಿತು. ಹೆಂಡತಿಗಿಂತ ಬೇಗ ಹೆಂಡತಿಯ ಪಕ್ಷ ಸೇರಿದ್ದು ಆ ಕಾರೇ.

"ಇನ್ನು ನಮ್ಮ ಮನೆಯ ಹವಾಮಾನ," ಎಂದಿತು ಅವರದೇ ಕಂಠ, ನಾಲ್ಕೂ ಬಾಗಿಲುಗಳಿಂದ.

ಗುಡುಗು ಬಂತು. ಆಲಿಕಲ್ಲು ಬಂತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎರಗುವ ಸಿಡಿಲೂ ಬಂತು. ಕಾರಿನ ವೇಗ ಕಡಿಮೆಯಾಗುತ್ತಾ ಬಂತು. ಮೂರನೆಯ ಕಂತಿನ ಹೊತ್ತಿಗೆ ಅವರನ್ನು ಸೈಕಲ್ಲುಗಳು ದಾಟಿ ಹೋಗುತ್ತಿದ್ದವು.

"ಅದು... ಮನೆ ಅಂದ್ರೆ ನಮ್ಮ ಮನೇನೇ ಅಂತ ಅಲ್ಲ," ಎಂದರು ಉದ್ಘೋಷಕರು. "ಸಾಮಾನ್ಯವಾಗಿ ಲೋಕದಲ್ಲಿರೋ ಮನೆ."

"ಲೋಕದ ಮನೆಗಳಲ್ಲಿ ಎಷ್ಟು ಹೆಂಗಸರು ಬಾಯಲ್ಲಿ ಗುಂಡುಸೂಜಿ ಕಚ್ಕೊಂಡೇ ಬಯ್ತಾರೆ?"

ಉದ್ಘೋಷಕರು ಸೀಟ್ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿಕೊಂಡರು.

"ಕೂಗಾಡಲ್ಲ ನಾನು, ಹೆದರಬೇಡಿ," ಎಂದಳು ಆಕೆ. "ಕೂಗಿದ್ರೆ ನಾಳೆ ಅದೇ ಬರತ್ತೆ."

ಆಕೆ ನಿಜವಾಗಿಯೂ ಕೂಗಾಡಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಉದ್ಘೋಷಕರ ಗ್ರಹಚಾರ. ಮನೆಯಲ್ಲಿ ಗುಡುಗಿಲ್ಲ, ಮಿಂಚಿಲ್ಲ. ಬಾಗಿಲಿಗೆ ಅಡ್ಡವಾಗಿ ಚಪ್ಪಲಿ ಬಿಟ್ಟರೂ ಆಕೆ ಸುಮ್ಮನೆ ದಾಟಿ ಹೋಗುತ್ತಾಳೆ. ಉಪ್ಪು ಕಡಿಮೆ ಎಂದು ಕೆಣಕಿದರೆ "ತಗೊಳ್ಳಿ" ಎಂದು ನಗುತ್ತಾ ಡಬ್ಬಿ ಮುಂದಿಡುತ್ತಾಳೆ. ಎರಡು ವಾರ ಮನೆಯಲ್ಲಿ ಶರತ್ಕಾಲದ ಬೆಳದಿಂಗಳು. ಬೇರೆ ಯಾವ ಗಂಡನಾದರೂ ದೇವರಿಗೆ ಕೈಮುಗಿಯುತ್ತಿದ್ದ. ಇವರು ಮೈಕಿನ ಮುಂದೆ ಬಾಯಿ ಒಣಗಿಸಿಕೊಂಡು ಕುಳಿತರು. "ನಮ್ಮ ಮನೆಯಲ್ಲಿ... ಒಣಹವೆ," ಎಂದರು. ಮರುದಿನವೂ ಒಣಹವೆ. ಪರದೆಯ ಮೇಲಿನ ಗೆರೆ ಬಾವಿಗಿಳಿಯಿತು.

"ಸರ್, ಮುಂದಿನ ವಾರದೊಳಗೆ ಮಳೆ ಬರಬೇಕು," ಎಂದರು ನಿರ್ದೇಶಕಿ. "ಇಲ್ಲಾಂದ್ರೆ ನಾನೇನೂ ಮಾಡಕ್ಕಾಗಲ್ಲ."

ಬರದ ಮಳೆಯನ್ನು ಬರಿಸಬೇಕಲ್ಲ! ಸೋಮವಾರ ಉದ್ಘೋಷಕರು ಕಣ್ಣುಮುಚ್ಚಿ, "ನಿನ್ನೆ ಮಧ್ಯಾಹ್ನ ನಮ್ಮ ಮನೆಗೆ ಪ್ರಚಂಡ ಮಾರುತ ಅಪ್ಪಳಿಸಿ, ಎರಡು ಪಿಂಗಾಣಿ ತಟ್ಟೆಗಳು ಧರಾಶಾಯಿಯಾದವು. ನಾನು ಕೂದಲೆಳೆಯಲ್ಲಿ ಪಾರಾದೆ!" ಎಂದು ಘೋಷಿಸಿದರು. ಗೆರೆ ತಲೆಯೆತ್ತಿತು. ಗಾಜಿನ ಆಚೆ ನಿಂತಿದ್ದ ನಿರ್ದೇಶಕಿ ಹೆಬ್ಬೆರಳೆತ್ತಿದರು. ಆಗಲೇ ಮೇಜಿನ ಮೇಲಿನ ದೀಪ ಮಿಣುಕಿತು. ಹೊಸ ಕಾರುಗಳಲ್ಲಿ ಇನ್ನೊಂದು ಸೌಕರ್ಯವಿದೆ: ಸ್ಟಿಯರಿಂಗ್ ಮೇಲಿನ ಗುಂಡಿ ಒತ್ತಿದರೆ ಶ್ರೋತೃಗಳು ಕೂತಲ್ಲಿಂದಲೇ ನೇರವಾಗಿ ಪ್ರಸಾರದಲ್ಲಿ ಮಾತಾಡಬಹುದು.

"ನಮಸ್ಕಾರಾ... ಯಾರು ಮಾತಾಡ್ತಿರೋದು?"

"ಹವಾಮಾನ ಇಲಾಖೆ," ಎಂದಿತು ಧ್ವನಿ. "ಗಾಡಿ ಪಕ್ಕಕ್ಕೆ ನಿಲ್ಲಿಸಿ ಮಾತಾಡ್ತಿದ್ದೀನಿ, ಅವಸರ ಇಲ್ಲ."

ಉದ್ಘೋಷಕರ ಕೈ ಧ್ವನಿ ಇಳಿಸುವ ಗುಂಡಿಯತ್ತ ಹರಿಯಿತು. ಗಾಜಿನ ಆಚೆ ನಿರ್ದೇಶಕಿ ಬೇಡ ಬೇಡವೆಂದು ಎರಡೂ ಕೈ ಆಡಿಸಿದರು.

"ನಿನ್ನೆ ಮಾರುತ ಗೀರುತ ಏನೂ ಬಂದಿಲ್ಲ. ತಟ್ಟೆ ಒಡೆದದ್ದು ನಿಜ. ಒಡೆದದ್ದು ಇವರೇ. ಚೂರುಗಳನ್ನ ಹಳೇ ಪೇಪರಲ್ಲಿ ಸುತ್ತಿ ನನ್ನ ಚಿಂದಿಬಟ್ಟೆ ಮೂಟೆಯೊಳಗೆ ಬಚ್ಚಿಟ್ಟಿದ್ದಾರೆ. ಇನ್ನು ಇಷ್ಟು ವರ್ಷ ನೀವೆಲ್ಲ ಒಂದೇ ದಿಕ್ಕಿನ ಹವಾಮಾನ ಕೇಳಿದ್ದೀರಿ, ಇನ್ನೊಂದು ದಿಕ್ಕಿಂದೂ ಕೇಳಿ. ಬೆಳಿಗ್ಗೆ ಎದ್ದ ಕೂಡಲೇ ದಟ್ಟ ಮಂಜು: ಕನ್ನಡಕ ಎಲ್ಲಿಟ್ಟೆ ಅಂತ ಇವರಿಗೆ ಕಾಣಲ್ಲ. ಸ್ನಾನ ಆದ್ಮೇಲೆ ಒದ್ದೆ ಟವೆಲ್ಲಿಂದ ಹಾಸಿಗೆ ಮೇಲೆ ನೆರೆ. ಸಂಜೆ ಯಾರಾದ್ರೂ ಇವರ ಧ್ವನಿ ಹೊಗಳಿದ್ರೆ ಬಿಸಿಲು. ಹೊಗಳದೇ ಇದ್ರೆ ಮೂರು ದಿನ ಮೋಡ. ಆ ಮೋಡದಿಂದ ಮನೆಗೆ ಒಂದು ಹನಿ ಉಪಯೋಗ ಇಲ್ಲ."

ಊರಿನ ರಸ್ತೆಗಳಲ್ಲಿ ಅಂದು ಹಾರ್ನು ಕೇಳಿಸಲಿಲ್ಲವಂತೆ. ಜನ ಕಚೇರಿಯ ಬಾಗಿಲಿಗೆ ಬಂದರೂ ಕಾರಿನಿಂದ ಇಳಿಯಲಿಲ್ಲವಂತೆ. ಪರದೆಯ ಮೇಲಿನ ಗೆರೆ ಅಂಚು ತಲುಪಿ, ಮುಂದೆ ಜಾಗವಿಲ್ಲದೆ ಅಲ್ಲೇ ನಿಂತಿತ್ತು.

"ಮೇಡಂ, ನನ್ನ ಕಾರ್ಯಕ್ರಮ ಉಳೀತಾ?" ಎಂದು ಉದ್ಘೋಷಕರು ಹೊರಗೆ ಬಂದು ಕೇಳಿದರು.

"ಉಳೀತು, ಸರ್. ನೀವು ಉಳಿಯೋ ವಿಷಯ ನಿಮ್ಮ ಮನೆಯವರನ್ನ ಕೇಳ್ಬೇಕು. ಅವರು ದಿನಾ ಬರೋದಾದ್ರೆ ಇಬ್ಬರೂ ಇರ್ತೀರಿ."

ಉದ್ಘೋಷಕರು ಮನೆಗೆ ಹೋಗಿ ಯಂತ್ರಗಳ ನಡುವೆ ನಿಂತು ಬೇಡಿಕೊಂಡರು. ಯಂತ್ರ ನಿಲ್ಲಿಸುವ ತನಕ ಆಕೆಗೆ ಒಂದೂ ಕೇಳಿಸಲಿಲ್ಲವಾದ್ದರಿಂದ ಎರಡನೆಯ ಸಲ ಬೇಡಿಕೊಳ್ಳಬೇಕಾಯಿತು.

"ನಿಮ್ಮ ಕೆಲಸ ಹೋಗಿ ಇಡೀ ದಿನ ಮನೇಲೇ ಕೂತ್ರೆ ನನ್ನ ಗತಿ ಏನು? ಒಪ್ಕೋತೀನಿ," ಎಂದಳು. "ಆದ್ರೆ ನಾನು ಮಾತಾಡುವಾಗ ಮಧ್ಯದಲ್ಲಿ ಕೆಮ್ಮಬಾರದು, ತಿದ್ದಬಾರದು, ನಿಟ್ಟುಸಿರು ಬಿಡಬಾರದು."

ಈಗ ಕಾರಿನ ಪರದೆಯ ಮೇಲೆ ಬರುವುದು ಆಕೆಯ ಫೋಟೋ. ಉದ್ಘೋಷಕರು ಚಿಕ್ಕದೊಂದು ನಮಸ್ಕಾರ ಹೇಳಿ, ಸಮಯ ತಿಳಿಸಿ, ಪಕ್ಕಕ್ಕೆ ಸರಿದು ಕೂರುತ್ತಾರೆ. ತರಕಾರಿ ಅಂಗಡಿಯಲ್ಲಿ ಜನ ಅವರನ್ನು ಈಗಲೂ ಗುರುತಿಸುತ್ತಾರೆ, "ಮೇಡಂ ಹೇಗಿದ್ದಾರೆ ಸಾರ್?" ಎಂದು ಕೇಳುತ್ತಾರೆ.

ಕಳೆದ ಭಾನುವಾರ ಅವರ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಜಗಲಿಯ ಮೇಲೆ ಪೇಪರು ಹಾಸಿತ್ತು, ಉಗುರು ಕತ್ತರಿಸುವ ಕತ್ತರಿ ಬಿದ್ದಿತ್ತು. ಉದ್ಘೋಷಕರು ಮೊಣಕಾಲೂರಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ನೆಲ ಸವರುತ್ತಿದ್ದರು.

"ಏನು ಹುಡುಕ್ತಿದ್ದೀರಿ?" ಎಂದೆ.

"ಕಿರುಬೆರಳಿನ ಉಗುರು ಮೇಷ್ಟ್ರೇ, ಹಾರಿಬಿಡ್ತು," ಎಂದರು ಆ ಗಂಭೀರ ಕಂಠವನ್ನು ಆದಷ್ಟು ತಗ್ಗಿಸಿ.

"ಬಿಡಿ, ಗುಡಿಸಿದ್ರೆ ಹೋಗತ್ತೆ."

ಅವರು ಮುಂಗೋಣೆಯ ಕಿಟಕಿಯತ್ತ ಒಮ್ಮೆ ಕಳ್ಳನೋಟ ಹಾಯಿಸಿದರು.

"ನಿಮಗೇನು, ಹೇಳಿಬಿಡ್ತೀರಿ. ನಾಳೆಯ ಹವಾಮಾನಕ್ಕೆ ಅವಳಿಗಿನ್ನೂ ವಿಷಯ ಸಿಕ್ಕಿಲ್ಲ."