ಕೋಡಿ ಹತ್ತಿರ ಎಡಕ್ಕೆ

ನಾನು ಸುಮ್ಮನೆ ಕೂತಿದ್ದರೂ ಏನಾದರೊಂದು ಫಜೀತಿ ವಿಳಾಸ ಕೇಳಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದುಬಿಡುತ್ತದೆ. ನಾನು ಸುಮ್ಮನೆ ಕೂರುವವನಲ್ಲ ಅನ್ನುವುದು ಬೇರೆ ಮಾತು. ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸ ನನ್ನದು. ವಯಸ್ಸು ಐವತ್ತರ ಈಚೆ, ಹೆಂಡತಿ ಹೇಳುವ ಪ್ರಕಾರ ಆಚೆ. ನಾನು ಗುಡ್ಡಗಾಡಿನ ಸೈಕಲ್ ರೇಸಿಗೆ ಸೇರಿದಾಗ ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ಬರೆದಿದ್ದೇನೆ. ಒಂದೆರಡು ಕಡೆ ಬಟ್ಟೆ ಸಾಲದೆ ತುಂಡು ಸೇರಿಸಿ ಹೊಲಿದಿರಬಹುದು. ಕಸುಬಿನ ಚಾಳಿ.

೧. ಮೀಸೆ

ನಮ್ಮ ಬೀದಿಯ ಕಟಿಂಗ್ ಶಾಪಿನವನು ನನ್ನ ಬಾಲ್ಯದ ಗೆಳೆಯ. ಒಂದು ದಿನ ಅವನ ಕನ್ನಡಿಯ ಪಕ್ಕದಲ್ಲಿ ಹೊಸ ಪೋಸ್ಟರು ಕಂಡಿತು. ಬೆಳಿಗ್ಗೆ ಆರಕ್ಕೆ ಶುರು, ಹನ್ನೆರಡಕ್ಕೆ ಮುಕ್ತಾಯ, ನಲವತ್ತು ಕಿಲೋಮೀಟರ್ ಕಲ್ಲು, ಗುಡ್ಡ, ಮುಳ್ಳಿನ ದಾರಿ. ನಾನು ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದೆ. ನೊರೆ ಹಚ್ಚಿದಾಗ ಸುಮ್ಮನಿರಬೇಕು, ನನಗೆ ಅದು ಬರುವುದಿಲ್ಲ.

"ಇದೇನ್ ಮಹಾ ಬಿಡಲೇ! ಹರೇದಾಗ ನಾನು ಹೊಲಿಗಿ ಮಷೀನು ಕ್ಯಾರಿಯರಿಗೆ ಕಟಗೊಂಡು ಬಳ್ಳಾರಿಗೆ ಹೋಗಿ, ಮಧ್ಯಾಹ್ನ ಊಟಕ್ಕ ಮನಿಗೆ ಬರತಿದ್ದೆ."

"ಹೋದ ಸಲ ಹೇಳಿದಾಗ ಡಿ. ಹಿರೇಹಾಳಿಗಷ್ಟ ಹೋಗಿದ್ದಿ. ಮಷೀನು ಇರಲಿಲ್ಲ."

"ಅದು ಬ್ಯಾರೆ ದಿನ."

ಗೆಳೆಯ ಕತ್ತಿಯನ್ನು ನನ್ನ ಗಂಟಲ ಮೇಲಿಟ್ಟ. "ಹಂಗಾದ್ರ ಈ ರೇಸು ಹೊಡಿ. ಹನ್ನೆರಡರೊಳಗ ಪೂರ್ತಿ ಮುಗಿಸಿ ಬಂದ್ರ ಸಾಯೋತನಕ ನಿನಗ ಕಟಿಂಗ್ ಪುಕ್ಕಟ. ಬರಲಿಲ್ಲ ಅಂದ್ರ ಈ ಮೀಸಿ ನಂದು."

ಗಂಟಲ ಮೇಲೆ ಕತ್ತಿ ಇರುವಾಗ ಒಲ್ಲೆ ಎಂದು ತಲೆ ಅಲ್ಲಾಡಿಸಲೂ ಆಗುವುದಿಲ್ಲ. ಹೂಂ ಅಂದೆ.

ನನ್ನ ಮೀಸೆ ಬರೀ ಮೀಸೆಯಲ್ಲ. ಎರಡೂ ತುದಿ ಹುರಿ ಮಾಡಿ ಮೇಲಕ್ಕೆತ್ತಿದ್ದು. ಊರಿಗೆಲ್ಲ ನಾನು ಮೀಸೆ ಟೇಲರ್. ಅಂಗಡಿಯ ಬೋರ್ಡಿನ ಮೇಲೆ ಹೆಸರಿಗಿಂತ ದೊಡ್ಡದಾಗಿ ಮೀಸೆಯ ಚಿತ್ರ ಇದೆ. ಅದು ಹೋದರೆ ಅಂಗಡಿಯೇ ಹೋದ ಹಾಗೆ. ಈ ಸಂಕಟವನ್ನೆಲ್ಲ ಮನೆಗೆ ಬಂದು ಹೆಂಡತಿಯ ಮುಂದೆ ತೋಡಿಕೊಂಡೆ.

ಅವಳು ಕಾಳು ಹಸನು ಮಾಡುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಹೋದ್ರ ಹೋಗಲಿ ಬಿಡ್ರಿ. ಮದುವಿಯಾದಾಗಿಂದ ಅದರ ಹಿಂದ ಏನೈತಿ ಅಂತ ನಾನೂ ನೋಡಿಲ್ಲ."

೨. ಕೌದಿ

ಅಣ್ಣನ ಮಗನ ಗೇರ್ ಸೈಕಲ್ಲು ಎರವಲು ತಂದೆ. ಅದರಲ್ಲಿ ಇಪ್ಪತ್ತೊಂದು ಗೇರು ಇದ್ದವಂತೆ. ನನ್ನ ಕೈಗೆ ಸಿಕ್ಕಿದ್ದು ಎರಡು. ಸೀಟು ಮಾತ್ರ ನಮ್ಮ ಇಸ್ತ್ರಿ ಪೆಟ್ಟಿಗೆಯ ಮೂತಿಯ ಹಾಗಿತ್ತು, ಸಪೂರ ಮತ್ತು ಗಟ್ಟಿ. ಎರಡು ದಿನ ಅಭ್ಯಾಸ ಮಾಡಿದ ಮೇಲೆ ನಾನು ನಿಂತುಕೊಂಡೇ ಹೊಲಿಗೆ ಮಷೀನು ತುಳಿಯತೊಡಗಿದೆ.

ರೇಸಿನವರು ಕೆಳಗೆ ಮೆತ್ತೆಯಿರುವ ಬಿಗಿ ಚಡ್ಡಿ ಹಾಕುತ್ತಾರೆಂದು ತಿಳಿಯಿತು. ಜೀನ್ಸ್ ಹೊಲಿಯುವ ಊರಿನಲ್ಲಿ ಹುಟ್ಟಿ ಚಡ್ಡಿ ಕೊಂಡು ತರುವುದೇ? ಒಳ್ಳೆಯ ಜೀನ್ಸ್ ಪ್ಯಾಂಟು ಹೊಲಿದೆ. ಹಿಂದುಗಡೆ ಒಳಗಿನಿಂದ ದಪ್ಪನೆಯ ಮೆತ್ತೆ ಕೂರಿಸಿದೆ. ಮೆತ್ತೆಗೆ ಅಟ್ಟದ ಮೇಲೆ ಮಡಿಚಿಟ್ಟಿದ್ದ ಒಂದು ಹಳೇ ಕೌದಿಯನ್ನು ಕತ್ತರಿಸಿದೆ. ಅದು ನಮ್ಮ ಅತ್ತೆ ಕೈಯಾರೆ ಹೊಲಿದು ಮದುವೆಯಲ್ಲಿ ಕೊಟ್ಟ ಕೌದಿ ಎಂದು ನನಗೆ ನೆನಪಿರಲಿಲ್ಲ. ಸ್ವಲ್ಪ ನೆನಪಿತ್ತು.

ರೇಸಿನ ದಿನ ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದೆ. ಹೊಲಿಗೆಯ ಸಂದಿಯಿಂದ ಕೆಂಪು ಹೂವಿನ ತುಂಡೊಂದು ಹೊರಗೆ ಇಣುಕಿತು. ಹೆಂಡತಿ ಹಿಂದೆಯೇ ನಿಂತಿದ್ದಳು.

"ಚುಚ್ಚತೈತಿ ಅಂತ ನಮ್ಮವ್ವನ ಕೌದಿ ಮ್ಯಾಲ ಒಂದು ದಿನಾನೂ ಮಲಗಲಿಲ್ಲ ನೀವು. ಈಗ ನಲವತ್ತು ಕಿಲೋಮೀಟರ್ ಕುಂದ್ರಾಕ ಹೊಂಟೀರಲ್ರೀ!"

೩. ಬೋರ್ಡು

ಇದು ರೇಸಿಗೆ ನಾಲ್ಕು ದಿನ ಮುಂಚಿನ ಮಾತು. ರೇಸು ನಡೆಸುವವರು ಹೊರ ಊರಿನವರು. ಅವರ ಮುಖ್ಯಸ್ಥ ಅಂಗಡಿಗೆ ಬಂದು, "ಮಾಸ್ಟರ್ ಗಾರೂ, ಮೀರು ಲೋಕಲ್ ಕದಾ," ಅಂದ, ನೀವು ಈ ಊರಿನವರಲ್ಲವೇ ಎಂದು. ದಾರಿಯುದ್ದಕ್ಕೂ ತೆಲುಗಿನಲ್ಲಿ ಬೋರ್ಡು ಬರೆದುಕೊಡಬೇಕಂತೆ, ಬರುವವರು ಬಹುಪಾಲು ಹೈದರಾಬಾದಿನ ಕಡೆಯವರಂತೆ. ನನ್ನ ಅಂಗಡಿಯ ಬೋರ್ಡು ನಾನೇ ಬರೆದದ್ದೆಂದು ಯಾರೋ ಹೇಳಿದ್ದರು.

ಬರೆದೆ. ಬಂಡೆ ಇರುವಲ್ಲಿ ಬಂಡೆ, ಇಳಿಜಾರು ಇರುವಲ್ಲಿ ಇಳಿಜಾರು. ಗುಡ್ಡದಾಚೆ ಒಂದು ಸಣ್ಣ ಹಳ್ಳಿ, ಅದರಾಚೆ ಕೆರೆ. ಕೆರೆ ತುಂಬಿದಾಗ ನೀರು ಹೊರಬೀಳುವ ಕೋಡಿಯ ಹತ್ತಿರ ದಾರಿ ಎಡಕ್ಕೆ ತಿರುಗುತ್ತದೆ. ಹಾಗಾಗಿ ಹಳ್ಳಿಯೊಳಗೆ ಹೋಗುವಲ್ಲಿ ನಿಲ್ಲಿಸುವ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಬರೆದೆ: "ಕೋಡಿ ದಗ್ಗರ ಎಡಮ ವೈಪು." ಕೋಡಿ ಹತ್ತಿರ ಎಡಕ್ಕೆ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಮುಖ್ಯಸ್ಥನಿಗೆ ಕೋಪ ಬಂದದ್ದು ಬೇರೆ ಬೋರ್ಡಿನ ಮೇಲೆ. ಅದು ಎಲ್ಲಕ್ಕಿಂತ ಕಡಿದಾದ ಇಳಿಜಾರಿನದು. ಅದರಲ್ಲಿ ಹೀಗಿತ್ತು: "ಅಪಾಯ. ನಿಧಾನ. ಪ್ಯಾಂಟು ಹರಿದರೆ, ಬಸ್ ಸ್ಟ್ಯಾಂಡ್ ಎದುರು, ಮೀಸೆ ಟೇಲರ್."

೪. ಎತ್ತು

ರೇಸು ಶುರುವಾಗಿ ಅರ್ಧ ಗಂಟೆಯಲ್ಲಿ ಎಲ್ಲರೂ ಮುಂದೆ ಹೋಗಿಬಿಟ್ಟರು. ಹಿಂದೆ ಉಳಿದದ್ದು ನಾನು, ಮತ್ತೆ ಬೆಂಗಳೂರಿನಿಂದ ಬಂದಿದ್ದ ಒಬ್ಬ ದಪ್ಪನೆಯ ಯಜಮಾನರು. ತಲೆಯಿಂದ ಕಾಲಿನವರೆಗೆ ಕೆಂಪು ಬಟ್ಟೆ ಹಾಕಿದ್ದರು. ಗುಡ್ಡದ ಬುಡದಲ್ಲಿ ರೇಸಿನ ಕಾರ್ಯಕರ್ತನೊಬ್ಬ ಬಾವುಟ ಹಿಡಿದು ತೆಲುಗಿನಲ್ಲಿ ಕೂಗಿದ: "ಮುಂದರ ಪೆದ್ದ ಎತ್ತು ಉಂದಿ, ಜಾಗ್ರತ್ತ!"

ತೆಲುಗಿನಲ್ಲಿ ಎತ್ತು ಅಂದರೆ ಏರು. ಬೆಂಗಳೂರಿನವರು ಬ್ರೇಕು ಹಿಡಿದರು.

"ಏನ್ರೀ ಅದು, ಮುಂದೆ ಎತ್ತು ಇದೆಯಂತಾ?"

"ಹೌದ್ರಿ. ದೊಡ್ಡದೈತಿ."

"ಹಾಯತ್ತಾ?"

ನಾನು ಅವರ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟೆ. ಅಷ್ಟೇ ಮಾಡಿದ್ದು ನಾನು.

"ಈಗೇನ್ರೀ ಮಾಡೋದು?"

"ಸೈಕಲ್ ಇಳೀರಿ. ಸದ್ದಿಲ್ದಂಗ ನೂಕ್ಕೊಂತ ನನ್ನ ಜೊತಿ ಬರ್ರಿ."

ಒಬ್ಬನೇ ಸೈಕಲ್ಲು ನೂಕಿಕೊಂಡು ಗುಡ್ಡ ಹತ್ತಿದರೆ ನಾಚಿಕೆ. ಇಬ್ಬರಾದರೆ ಅದು ಉಪಾಯ. ನನ್ನ ಟವೆಲ್ಲು ಅವರಿಗೆ ಹೊದಿಸಿದೆ. ಇಬ್ಬರೂ ಕಳ್ಳರ ಹಾಗೆ ತುದಿಗಾಲಲ್ಲಿ ಮೇಲೆ ತಲುಪಿದೆವು. ಅಲ್ಲಿ ನೋಟವೇ ನೋಟ. ಆನೆ ಗಾತ್ರದ ಬಂಡೆಗಳ ನಡುವಿನಿಂದ ಒಂದು ಕಡೆ ಭೈರವಾನಿತಿಪ್ಪ ಜಲಾಶಯದ ನೀರು ಒಡೆದ ಕನ್ನಡಿಯ ಚೂರಿನಂತೆ ಹೊಳೆಯುತ್ತಿತ್ತು, ಇನ್ನೊಂದು ಕಡೆ ದೂರದಲ್ಲಿ ಓಬಳಾಪುರದ ಕೆಂಪು ಗುಡ್ಡ. ನೋಡಲೆಂದು ನಿಂತೆ. ನೋಡಿದ್ದಕ್ಕಿಂತ ಉಸಿರಾಡಿದ್ದೇ ಹೆಚ್ಚು.

ಬೆಂಗಳೂರಿನವರು ಪಿಸುಗುಟ್ಟಿದರು. "ಎಲ್ರೀ ಎತ್ತು?"

ಹತ್ತಿ ಬಂದ ದಾರಿಯನ್ನು ತೋರಿಸಿದೆ. "ಇದ ನೋಡ್ರಿ. ತೆಲುಗಿನ್ಯಾಗ ಇದಕ್ಕ ಎತ್ತು ಅಂತಾರ."

ಆ ಗುಡ್ಡದಲ್ಲಿ ನಿಜಕ್ಕೂ ಹಾಯುವ ಪ್ರಾಣಿ ಒಂದಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಅಷ್ಟು ಕಡಿದಾದ ಇಳಿಜಾರನ್ನು ನಾನು ಬ್ರೇಕಿಲ್ಲದೆ ಇಳಿದೆನೆಂದರೆ, ಆ ಬೆಂಗಳೂರಿನವರು ಹಿಂದೆ ಅಟ್ಟಿಸಿಕೊಂಡು ಬಂದದ್ದಕ್ಕೇ. ಕೊನೆಗೆ ಅವರ ಟೈರಿಗೆ ಜಾಲಿಮುಳ್ಳು ಹೊಕ್ಕು ನನ್ನ ಜೀವ ಉಳಿಯಿತು.

೫. ನಂಬರು

ಬಯಲಿಗೆ ಬಂದರೆ ದಾರಿ ತುಂಬ ಕುರಿ. ಗಂಟೆ ಹತ್ತೂ ಮುಕ್ಕಾಲು. ಬೆಲ್ಲು ಹೊಡೆದೆ. ಕುರಿಗಳು ನನ್ನನ್ನು ನೋಡಿ ಮತ್ತೆ ಮೇಯತೊಡಗಿದವು. ಕುರಿ ಕಾಯುವ ಅಜ್ಜ ಹತ್ತಿರ ಬಂದು ನನ್ನ ಎದೆಯ ಮೇಲಿನ ನಂಬರನ್ನು ಬೆರಳಿಂದ ಮುಟ್ಟಿ ನೋಡಿದ.

"ಮುಂದ ಹೋದವರಿಗೂ ಹಿಂಗ ನಂಬರ್ ಹಾಕಿದ್ರು. ಯಾಕಪ್ಪ?"

"ಯಾರು ಯಾರು ಅಂತ ಗುರ್ತು ಸಿಗಲಿ ಅಂತ, ಅಜ್ಜ."

"ನಾನೂ ಅದಕ್ಕ ಹಚ್ಚೀನಿ ನೋಡು," ಅಂತ ಕುರಿಗಳ ಬೆನ್ನಿನ ನೀಲಿ ಬಣ್ಣ ತೋರಿಸಿದ. "ನೀ ಏನು, ಹಿಂಡು ತಪ್ಪಿಸಿಕೊಂಡೀಯ?"

ಹೌದೆಂದೆ. ಅಜ್ಜ ಕನಿಕರದಿಂದ ನನ್ನ ಬೆನ್ನನ್ನು ಹಿಸುಕಿ ನೋಡಿದ, ಸಂತೆಯಲ್ಲಿ ಕುರಿಯ ಮಾಂಸ ನೋಡುತ್ತಾರಲ್ಲ, ಹಾಗೆ.

"ಸಂತಿಗೆ ಹೊಂಟೀರೇನು ಎಲ್ಲಾರು?"

"ಇಲ್ಲಜ್ಜ, ರೇಸಿಗೆ."

"ಚಲೋ ಆತು ಬಿಡಪ್ಪ. ಸಂತ್ಯಾಗ ನಿನ್ನ ವಯಸ್ಸಿಂದು ಯಾರೂ ಕೇಳಂಗಿಲ್ಲ."

೬. ಕೋಡಿ

ಹಳ್ಳಿ ತಲುಪಿದಾಗ ಹನ್ನೊಂದೂ ಇಪ್ಪತ್ತು. ಇನ್ನೂ ಐದು ಕಿಲೋಮೀಟರ್ ಇತ್ತು. ಕಾಲು ನನ್ನವೋ ಬೇರೆಯವರವೋ ತಿಳಿಯುತ್ತಿರಲಿಲ್ಲ. ಮನಸ್ಸಿನಲ್ಲೇ ಮೀಸೆಗೆ ಕೈ ಮುಗಿದೆ.

ಅಷ್ಟರಲ್ಲಿ ಓಣಿಯೊಂದರಿಂದ ಧೂಳೆಬ್ಬಿಸಿಕೊಂಡು ಇಪ್ಪತ್ತು ಮೂವತ್ತು ಸೈಕಲ್ಲು ಬಂದವು. ನನ್ನೆದುರೇ ಸರ್ರನೆ ಎಡಕ್ಕೆ ತಿರುಗಿ ಇನ್ನೊಂದು ಓಣಿಗೆ ನುಗ್ಗಿದವು. ಬೆಳಿಗ್ಗೆಯೇ ನನ್ನನ್ನು ಬಿಟ್ಟು ಮುಂದೆ ಹೋದವರು! ಸ್ವಲ್ಪ ಹೊತ್ತಿಗೆ ಅದೇ ಗುಂಪು ಮತ್ತೆ ಮೊದಲಿನ ಓಣಿಯಿಂದಲೇ ಬಂತು. ಮತ್ತೆ ಎಡಕ್ಕೆ.

ಗುಡಿಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಕೋಲು ಎತ್ತಿಕೊಂಡು ದಾರಿಗೆ ಅಡ್ಡ ಬಂದ. "ಏಯ್, ನಡುವ ಗುಡಿ ಐತಿ! ಹರಕಿ ಇದ್ರ ಬಲಕ್ಕ ಸುತ್ತರಿ! ಬೆಳಿಗ್ಗಿಂದ ಅಪ್ರದಕ್ಷಿಣಿ ಹಾಕಾಕ್ಹತ್ತೀರಿ, ಊರಿಗೆ ಕೇಡು!" ಹುಡುಗರಿಗೆ ಮಾತು ತಿಳಿಯದಿದ್ದರೂ ಕೋಲು ತಿಳಿಯಿತು. ಎಲ್ಲರೂ ಸೈಕಲ್ಲು ತಿರುಗಿಸಿ ಬಲಗಡೆಯಿಂದ ಮೂರು ಸುತ್ತು ಹಾಕಿ ಬಂದರು. ಒಬ್ಬ ಅಜ್ಜಿ ತೀರ್ಥವನ್ನೂ ಕೊಟ್ಟಳು.

ಎಲ್ಲರಿಗಿಂತ ಮುಂದಿದ್ದ ಹೈದರಾಬಾದಿನ ಹುಡುಗ ನನ್ನ ಹತ್ತಿರ ನಿಂತ. ಅಳುವುದೊಂದು ಬಾಕಿ. "ಅಂಕುಲ್, ಅಸಲು ಕೋಡಿ ಏದಿ? ಇಕ್ಕಡ ಇಂಟಿಂಟಿಕೀ ಕೋಡಿ ಉಂದಿ!"

ಮನೆಮನೆಗೂ ಕೋಡಿ ಇದೆಯಾ? ಆಗ ನನ್ನ ತಲೆಗೆ ಹೊಳೆಯಿತು. ತೆಲುಗಿನವರಿಗೆ ಕೋಡಿ ಅಂದರೆ ಕೋಳಿ! ನಮ್ಮ ಕೋಡಿಗೆ ಅವರು ಅನ್ನುವುದು ಮರವ. ನಾವು ಗಡಿಯವರು ಎರಡೂ ಭಾಷೆಯಲ್ಲಿ ಕೋಡಿ ಕೋಡಿ ಎಂದೇ ಆಡಿ, ಮರವ ಅನ್ನುವ ಮಾತು ನನಗೆ ಮರೆತೇ ಹೋಗಿತ್ತು. ಪಾಪ, ಹುಡುಗರು ಬೋರ್ಡು ಓದಿ ಕೋಳಿ ಹತ್ತಿರ ಎಡಕ್ಕೆ ತಿರುಗಿದ್ದಾರೆ. ಮುಂದಿನ ಮೂಲೆಯಲ್ಲಿ ಇನ್ನೊಂದು ಕೋಳಿ, ಮತ್ತೆ ಎಡಕ್ಕೆ. ಕೋಳಿ ಸಾಕದ ಮನೆ ಆ ಹಳ್ಳಿಯಲ್ಲಿಲ್ಲ. ಫೋನಿನಲ್ಲಿ ದಾರಿ ನೋಡೋಣವೆಂದರೆ ಆ ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲ.

ದೇವರಾಣೆ, ಬೇಕೆಂದು ಬರೆದದ್ದಲ್ಲ. ಸರಿಯಾದ ದಾರಿ ಹೇಳಬೇಕೆಂದೇ ಬಾಯಿ ತೆರೆದೆ. ಧೂಳು ಹೊಕ್ಕಿತು. ಕೆಮ್ಮು ನಿಲ್ಲುವಷ್ಟರಲ್ಲಿ ಹುಡುಗ ಒಂದು ಹುಂಜ ಕಂಡು ಎಡಕ್ಕೆ ತಿರುಗಿಬಿಟ್ಟಿದ್ದ. ಈ ಮಾತನ್ನು ನನ್ನ ಹೆಂಡತಿ ನಂಬುವುದಿಲ್ಲ. ನೀವಾದರೂ ನಂಬಿ.

ನಾನು ಕೆರೆಯ ಕಡೆ ಹೋದೆ, ನಿಜವಾದ ಕೋಡಿಯ ಹತ್ತಿರ ಎಡಕ್ಕೆ ತಿರುಗಿದೆ, ಹಲ್ಲು ಕಚ್ಚಿ ತುಳಿದೆ. ಊರು ಮುಟ್ಟಿದಾಗ ಹನ್ನೆರಡಕ್ಕೆ ಎಂಟು ನಿಮಿಷ ಬಾಕಿ. ಮುಗಿಯುವ ಗೆರೆಯ ಪಕ್ಕದಲ್ಲೇ ಗೆಳೆಯ ಅಂಗಡಿಯ ಕುರ್ಚಿಯನ್ನು ತಂದು ಹಾಕಿ, ನೊರೆ ಕಲಸಿಕೊಂಡು ಕಾಯುತ್ತಿದ್ದ. ಹೆಂಡತಿ ಮುಂದಿನ ಸಾಲಿನಲ್ಲಿದ್ದಳು, ಮೀಸೆಯ ಹಿಂದೇನಿದೆ ನೋಡಲು. ನಾನು ಒಬ್ಬನೇ ಬಂದದ್ದನ್ನು ಕಂಡು ಗೆಳೆಯನ ಕೈಯಲ್ಲಿ ಬ್ರಷ್ಷು ನಿಂತುಹೋಯಿತು. ಮೈಕಿನಲ್ಲಿ "ಪ್ರಥಮ ಸ್ಥಾನ!" ಎಂದು ಕೂಗಿದರು. ಮುಖ್ಯಸ್ಥ ಗಾಬರಿಯಲ್ಲೇ ನನ್ನ ಕೊರಳಿಗೆ ಪದಕ ಹಾಕಿದ. ನಾನು ಮೀಸೆಯ ಎರಡೂ ತುದಿ ತಿರುವಿದೆ.

ಮುಕ್ಕಾಲು ಗಂಟೆಯ ಮೇಲೆ ಉಳಿದವರು ಬಂದರು. ದಾರಿ ತೋರಿಸಿಕೊಂಡು ಮುಂದೆ ಬಂದವರು, ಪಂಕ್ಚರ್ ಹಾಕಿಕೊಂಡು ಹಿಂದಿನಿಂದ ಹಳ್ಳಿ ತಲುಪಿದ್ದ ಬೆಂಗಳೂರಿನವರು, ಅವರಿಗೆ ಕೋಡಿ ಅಂದರೆ ಏನೆಂದು ಗೊತ್ತಿತ್ತಲ್ಲ. ಹೈದರಾಬಾದಿನ ಹುಡುಗ ಬೋರ್ಡನ್ನೇ ಕಿತ್ತು ತಂದಿದ್ದ. ಮುಖ್ಯಸ್ಥ ಓದಿದ. ನನ್ನ ಮುಖ ನೋಡಿದ. ನಾನು ನನ್ನ ಬೂಟು ನೋಡಿಕೊಂಡೆ.

ತೀರ್ಮಾನವಾಯಿತು. ಹಳ್ಳಿಯವರೆಗಿನ ಓಟ ಮಾತ್ರ ಊರ್ಜಿತ, ಅಲ್ಲಿಂದ ಈಚಿನದು ರದ್ದು. ಪದಕ ನನ್ನ ಕೊರಳಿನಿಂದ ಹುಡುಗನ ಕೊರಳಿಗೆ ಹೋಯಿತು. ಗೆಳೆಯನ ಮುಖ ಅರಳಿತು.

"ಪೂರ್ತಿ ಮುಗಿಸಬೇಕು ಅಂತ ಮಾತಾಗಿತ್ತು. ಕಡೀದು ರದ್ದಾತಲ್ಲ!"

"ಹನ್ನೆರಡರೊಳಗ ಬಂದೀನಲ್ಲಲೇ!"

ಪಂಚಾಯ್ತಿ ಹೆಂಡತಿಯ ಹತ್ತಿರ ಹೋಯಿತು. ಅವಳಿಗೆ ಇನ್ನೂ ಕೌದಿಯ ಸಿಟ್ಟು ಇಳಿದಿರಲಿಲ್ಲ. "ಅರ್ಧ ರೇಸಿಗೆ ಅರ್ಧ ಮೀಸಿ ತಗೀರಿ," ಅಂದಳು.

ನಾಲ್ಕು ಜನ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವರು ಬೆಂಗಳೂರಿನವರು. ತುದಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆಯುತ್ತಾನೆಂದು ನಾನು ಅಂದುಕೊಂಡಿದ್ದೆ. ಗೆಳೆಯ ಮೂಗಿನ ಕೆಳಗೆ ನಟ್ಟನಡುವೆ ಬೆರಳಿಟ್ಟು ಅಳತೆ ನೋಡಿದ.

"ಲೇ, ಲೇ, ಯಾವ ಕಡೀದು ತಗೀತೀಯೋ?"

ಅವನು ಬೋರ್ಡನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟ.

"ನೀನ ಬರದೀಯಲ್ಲಪ್ಪ," ಅಂದ. "ಎಡಕ್ಕ."