ನನ್ನ ಕಿವಿಯೂ ನೀಲಿ ದೀಪವೂ

ನನ್ನ ಕಿವಿ ಸಾಮಾನ್ಯ ಕಿವಿಯಲ್ಲ! ಇದನ್ನು ನಾನಾಗಿ ಹೇಳಿಕೊಳ್ಳಬಾರದು, ನಾಲ್ಕು ಜನ ಹೇಳಬೇಕು. ಆ ನಾಲ್ಕು ಜನಕ್ಕಾಗಿ ಇಪ್ಪತ್ತು ವರ್ಷ ಕಾದೆ. ಒಬ್ಬರೂ ಬಾಯಿ ಬಿಡಲಿಲ್ಲ. ಇನ್ನು ಕಾದರೆ ಕಿವಿಯೇ ಮಂದವಾದೀತು ಅಂತ ನಾನೇ ಹೇಳಿಕೊಳ್ಳಲು ಶುರು ಮಾಡಿದೆ.

ನನ್ನ ಕೆಲಸ ಟಿ.ವಿ., ರೇಡಿಯೊ, ಸ್ಪೀಕರ್ ಮಾರುವ ಒಂದು ದೊಡ್ಡ ಅಂಗಡಿಯಲ್ಲಿ. ದೊಡ್ಡ ಅಂಗಡಿ ನಿಜ, ನನ್ನ ಜಾಗ ಮಾತ್ರ ತೀರಾ ಹಿಂದೆ, ಗೋದಾಮಿನ ಬಾಗಿಲ ಪಕ್ಕ. ರಿಮೋಟಿನ ಕವರು, ಬ್ಯಾಟರಿ, ವೈರು. ದಿನಕ್ಕೆ ನೂರು ಜನ ಬಂದು "ಇದಕ್ಕೆ ಯಾವ ಸೆಲ್ ಹಾಕೋದು?" ಅಂತ ಕೇಳುತ್ತಾರೆ. ಇಂಥ ಕಿವಿ ಇಟ್ಟುಕೊಂಡು ಇಂಥ ಮಾತು ಕೇಳಬೇಕಾ, ನೀವೇ ಹೇಳಿ!

ಆಗ ಬಂತು ನೋಡಿ, ಹೈ ರೆಸಲ್ಯೂಷನ್ ಡಿಸ್ಕು. ನೋಡಲು ಹಳೇ ಸಿ.ಡಿ.ಯ ಹಾಗೇ ದುಂಡಗೆ, ತೆಳ್ಳಗೆ. ಆದರೆ ಒಳಗೆ ಎರಡು ಪದರ. ಒಂದು ಪದರದಲ್ಲಿ ಮಾಮೂಲಿ ಹಾಡು, ಇನ್ನೊಂದರಲ್ಲಿ ಅದೇ ಹಾಡು, ಹತ್ತಾರು ಪಟ್ಟು ಸೂಕ್ಷ್ಮವಾಗಿ. ಅಂಗಡಿಯ ಮುಂದಿನ ಹಾಲ್ ಆಗ ಖಾಲಿ ಬಿದ್ದಿತ್ತು. ದೀಪ ಮಾಡುವ ಕಂಪನಿಯವರೊಬ್ಬರು ಅದರ ಮೇಲೆ ಕಣ್ಣು ಹಾಕಿದ್ದರು. ನನ್ನ ಆಸೆಯೇ ಬೇರೆ, ಅಲ್ಲಿ ಒಂದು ಗಾಜಿನ ಕೋಣೆ ಕಟ್ಟಿಸಬೇಕು, ಗೋಡೆ ತುಂಬ ಈ ಡಿಸ್ಕುಗಳು, ನಡುವೆ ತಿರುಗುವ ಕುರ್ಚಿ, ಕುರ್ಚಿಯಲ್ಲಿ ನಾನು! ಈ ಒಂದು ಚಿತ್ರಕ್ಕೋಸ್ಕರ ನಾನು 'ಹೊಸ ಡಿಸ್ಕಿನ ಮಾರುಕಟ್ಟೆ ಭವಿಷ್ಯ' ಅಂತ ಹನ್ನೊಂದು ಪುಟದ ವರದಿ ಬರೆದು ಯಜಮಾನರ ಮೇಜಿನ ಮೇಲಿಟ್ಟೆ.

ಯಜಮಾನರು ಪುಟ ತಿರುವಿದರು. "ಏನಯ್ಯಾ, ಜನ ಎಲ್ಲಾ ಫೋನಲ್ಲೇ ಕೇಳ್ತಾರೆ. ಈ ಡಿಸ್ಕು ಯಾರು ತಗೋತಾರೆ?"

"ಸಾರ್, ಫೋನಲ್ಲಿ ಕೇಳೋದು ಹಾಡಲ್ಲ. ಹಾಡಿನ ಎಲುಬು!"

"ವ್ಯತ್ಯಾಸ ಗೊತ್ತಾಗುತ್ತಾ?"

"ಕಿವುಡರಿಗೂ ಗೊತ್ತಾಗುತ್ತೆ ಸಾರ್! ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ, ಕೇಳಿ, ಆಮೇಲೆ ತೀರ್ಮಾನ ಮಾಡಿ."

'ಕಿವುಡರಿಗೂ' ಅನ್ನುವ ಈ ಮಾತನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನಂತೂ ಸಾಯೋತನಕ ಮರೆಯುವ ಹಾಗಿಲ್ಲ.

ಈಗ ಮನೆಯ ವಿಷಯಕ್ಕೆ ಬರೋಣ. ಈ ಡಿಸ್ಕು ಹಾಕುವ ಪ್ಲೇಯರ್ ನಮ್ಮ ಮನೆಗೆ ಬಂದು ಆರು ತಿಂಗಳಾಗಿತ್ತು. ಬಂದ ದಿನವೇ, ಪ್ಲಗ್ ಹಾಕುವ ಮೊದಲೇ, ಅದರ ಮುಖದ ಮೇಲಿದ್ದ ಪುಟ್ಟ ದೀಪಗಳ ಮೇಲೆಲ್ಲ ಕಪ್ಪು ಟೇಪ್ ಅಂಟಿಸಿದ್ದೆ. ನಿಜವಾದ ರಸಿಕರು ಹಾಗೇ ಮಾಡುವುದು! ಬೆಳಕು ಕಣ್ಣಿಗೆ ಬಿದ್ದರೆ ಕಿವಿಯ ಏಕಾಗ್ರತೆ ಕೆಡುತ್ತದೆ. ಜೊತೆಗೆ ಬಂದ ಪುಸ್ತಕವನ್ನಂತೂ ನಾನು ತೆರೆಯಲೇ ಇಲ್ಲ, ಪುಸ್ತಕ ಓದಿ ಹಾಡು ಕೇಳುವ ಗತಿ ನನಗೇಕೆ?

ಹೆಂಡತಿ ಬಟ್ಟೆ ಹೊಲಿಯುತ್ತಾಳೆ, ಎರಡು ಶಾಲೆಗಳ ಸಮವಸ್ತ್ರ ಅವಳದೇ ಕೈಯಲ್ಲಿ ತಯಾರಾಗುವುದು. ಅವಳ ಹೊಲಿಗೆ ಮೆಷಿನ್ ಮುಂಚೆ ಹಜಾರದ ಕಿಟಕಿ ಪಕ್ಕ, ಒಳ್ಳೇ ಬೆಳಕಿನಲ್ಲಿತ್ತು. ಅದರ ಕಟಕಟಕ್ಕೆ ನೆಲ ನಡುಗಿ ಸಂಗೀತದ ಸೂಕ್ಷ್ಮ ಹಾಳಾಗುತ್ತದೆ ಅಂತ ಅದನ್ನು ಬಚ್ಚಲ ಮನೆ ಪಕ್ಕದ ಓಣಿಗೆ ತಳ್ಳಿದ್ದೆ. ಆ ಕತ್ತಲಲ್ಲಿ ಹೊಲಿದು ಹೊಲಿದು ಒಂದು ದಿನ ಒಂದೇ ಅಂಗಿಗೆ ಎರಡೂ ಎಡಗೈ ತೋಳು ಕೂರಿಸಿಬಿಟ್ಟಳು.

ಭಾನುವಾರದ ಸುದ್ದಿ ಹೇಳಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು.

"ರೀ, ಒಂದು ಮಾತು. ನಿಮಗೆ ಆ ಎರಡು ಪದರದ ವ್ಯತ್ಯಾಸ ನಿಜವಾಗ್ಲೂ ಗೊತ್ತಾಗುತ್ತಾ?"

"ಗೊತ್ತಾಗುತ್ತಾ ಅಂದ್ರೇನೇ? ಕಣ್ಣು ಮುಚ್ಚಿಕೊಂಡು ಹೇಳ್ತೀನಿ!"

"ಸರಿ. ನಿಮ್ಮ ಯಜಮಾನರ ಎದುರಿಗೆ ಕಣ್ಣು ಮುಚ್ಚಿಕೊಂಡೇ ಹೇಳಿ. ಹೇಳಿದ್ರೆ ಹಜಾರ ನಿಮ್ಮದು, ಇನ್ನು ಸೊಲ್ಲೆತ್ತಲ್ಲ. ತಪ್ಪಿದ್ರೆ ನನ್ನ ಮೆಷಿನ್ ಕಿಟಕಿಗೆ ವಾಪಸ್. ಆಗಬಹುದಾ?"

"ಆಗಲಿ!" ಅಂತ ಮೇಜು ಗುದ್ದಿದೆ. ಗುಂಡುಸೂಜಿ ಅಲ್ಲೇ ಇತ್ತು. ಆಮೇಲೆ ಕೈ ಊದಿಕೊಂಡಿತು.

ಭಾನುವಾರ ಬೆಳಿಗ್ಗೆಯಿಂದಲೇ ಮನೆಯಲ್ಲಿ ನಿಶ್ಶಬ್ದ ಸ್ಥಾಪನೆಯ ಮಹಾಕಾರ್ಯ ಶುರುವಾಯಿತು. ಗೋಡೆ ಗಡಿಯಾರದ ಸೆಲ್ ಕಿತ್ತೆ. ಫ್ಯಾನ್ ಆರಿಸಿದೆ. ಫ್ರಿಜ್ ಗೊರಗೊರ ಅನ್ನುತ್ತದೆ ಅಂತ ಅದರ ಪ್ಲಗ್ ತೆಗೆದೆ. ಕರೆಗಂಟೆ ನಡುವೆ ಹೊಡೆದುಕೊಂಡೀತು ಅಂತ ಅದರ ವೈರು ಬಿಚ್ಚಿದೆ. ಬೀದಿಯ ಸದ್ದು ಬರಬಾರದು ಅಂತ ಮನೆಯಲ್ಲಿದ್ದ ರಜಾಯಿಗಳನ್ನೆಲ್ಲ ಕಿಟಕಿಗೆ ಬಡಿದೆ. ಹಾಡುಹಗಲೇ ಹಜಾರ ಗವಿಯಾಯಿತು.

ಉಳಿದವರು ಅತ್ತೆ ಒಬ್ಬರು. ನಮ್ಮ ಜೊತೆಗೇ ಇರುತ್ತಾರೆ. ಕಿವಿ ಮಂದ, ಅದಕ್ಕೊಂದು ಮೆಷಿನ್. ಅದು ಆಗಾಗ ಕುಂಯ್ ಅನ್ನುತ್ತದೆ.

"ಅತ್ತೆ, ಒಂದು ಗಂಟೆ ಹೊತ್ತು ಅದನ್ನ ತೆಗೆದು ಒಳಗಿಡ್ತೀರಾ?"

"ಇಡ್ತೀನಿ ಬಿಡಿ ಅಳಿಯಂದಿರೇ. ನೀವು ಮಾತಾಡೋದು ಕೇಳದಿದ್ರೆ ನನಗೇನೂ ನಷ್ಟವಿಲ್ಲ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು ಅಂತ ಅಂದುಕೊಂಡೆ.

ಒಳಗಿಟ್ಟು ಬರುವಾಗ ಆ ಕತ್ತಲಲ್ಲಿ ಅತ್ತೆ ಹೋಗಿ ಸ್ಪೀಕರ್‌ಗೆ ಢಿಕ್ಕಿ ಹೊಡೆದರು. ಕನ್ನಡಕ ಹಾರಿ ಬಿತ್ತು, ಅದರ ಒಂದು ಕಾಲು ಮುರಿಯಿತು. ನಾನು ಓಡಿ ಬಂದೆ. "ಅಯ್ಯೋ! ಸ್ಪೀಕರ್‌ಗೆ ಏನೂ ಆಗಲಿಲ್ಲ ತಾನೇ?"

ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವ ಹಾಗಿಲ್ಲ. ಅತ್ತೆಗೆ ನನ್ನ ಮಾತು ಕೇಳಿಸಲಿಲ್ಲ, ಅಷ್ಟರಮಟ್ಟಿಗೆ ಬಚಾವ್. "ಇದಕ್ಕೆ ಅಂಟಿಸೋಕೆ ಏನಾದ್ರೂ ಇದೆಯಾ?" ಅಂತ ಕೇಳಿದರು. "ಇಲ್ಲೇ ಎಲ್ಲೋ ಟೇಪ್ ಇರುತ್ತೆ, ನೋಡಿ ತಗೊಳ್ಳಿ" ಅಂತ ಅಂದಾಜಿನಲ್ಲಿ ಕೈ ತೋರಿಸಿ ನಾನು ಬಾಗಿಲಿಗೆ ಓಡಿದೆ. ಯಾಕೆಂದರೆ ಯಾರೋ ಬಾಗಿಲು ಒಡೆಯುವ ಹಾಗೆ ಗುದ್ದುತ್ತಿದ್ದರು.

ಯಜಮಾನರು! ಸತ್ತ ಕರೆಗಂಟೆಯನ್ನು ಕಾಲು ಗಂಟೆ ಒತ್ತಿ ಒತ್ತಿ, ಬಿಸಿಲಲ್ಲಿ ಕೆಂಪಗಾಗಿ ನಿಂತಿದ್ದಾರೆ. "ಏನಯ್ಯಾ, ಬೆಲ್ ಕೇಳಿಸಲಿಲ್ವಾ? ಇದೇನಾ ನಿನ್ನ ಕಿವಿ?"

ಶುಭಾರಂಭ! ಒಳಗೆ ಕರೆದು ಕೂರಿಸಿದೆ. ಫ್ಯಾನಿಲ್ಲ, ಗಾಳಿಯಿಲ್ಲ, ಗಡಿಯಾರವಿಲ್ಲ. ನಮ್ಮ ನಾಲ್ವರ ಉಸಿರು ನಮಗೇ ಕೇಳುತ್ತಿತ್ತು. ನಾನು ಎದ್ದು ನಿಂತು ಸಣ್ಣದೊಂದು ಭಾಷಣ ಮಾಡಿ, ಮೊದಲು ಹಳೇ ಸಿ.ಡಿ. ಹಾಕಿದೆ. ಒಬ್ಬ ಗಾಯಕಿ, ಒಂದು ಪಿಟೀಲು. ಮುಗಿದ ಮೇಲೆ ಅದೇ ಹಾಡಿನ ಹೊಸ ಡಿಸ್ಕು ಹಾಕಿ, ಕಣ್ಣು ಮುಚ್ಚಿ, ಕುರ್ಚಿಗೆ ಒರಗಿದೆ.

"ಆಹಾ! ನೋಡಿ ಸಾರ್, ಮುಸುಕು ಸರಿದ ಹಾಗಿಲ್ವಾ? ಗಾಯಕಿ ಉಸಿರೆಳೆದುಕೊಂಡಿದ್ದು ಕೇಳಿಸ್ತಾ? ಪಿಟೀಲಿನ ಮರ ಯಾವ ಕಾಡಿನದು ಅಂತ ಕೂಡ ಹೇಳಿಬಿಡ್ತೀನಿ!"

ಯಜಮಾನರ ಕುರ್ಚಿ ಮುಂದಕ್ಕೆ ಸರಿದ ಸದ್ದಾಯಿತು. ತಲ್ಲೀನರಾಗಿದ್ದಾರೆ ಅಂತ ನನ್ನ ಎದೆ ಉಬ್ಬಿತು. ಗಾಜಿನ ಕೋಣೆಗೆ ಯಾವ ಬಣ್ಣದ ಪರದೆ ಹಾಕಿಸೋಣ ಅಂತ ಯೋಚಿಸತೊಡಗಿದೆ.

"ಏನಯ್ಯಾ," ಯಜಮಾನರ ದನಿ ಬಂತು. "ವರದಿಯ ನಾಲ್ಕನೇ ಪುಟದಲ್ಲಿ ದೀಪದ ವಿಷಯ ಏನು ಬರೆದಿದ್ದೀಯ?"

ಕಂಪನಿಯ ಜಾಹೀರಾತು ನೋಡಿ ಬರೆದ ಪುಟ ಅದು, ನನಗೆ ಬಾಯಿಪಾಠ. "ಹೊಸ ಡಿಸ್ಕು ಹಾಕಿದಾಗ ಮಾತ್ರ ದೀಪ ಸಾರ್. ಸೂಕ್ಷ್ಮ ಪದರ ನುಡಿಯುವಾಗ ನೀಲಿ, ಮಾಮೂಲಿ ಪದರಕ್ಕೆ ಕೆಂಪು."

"ಹಾಗಾದ್ರೆ ಅದ್ಯಾಕೆ ಕೆಂಪಗಿದೆ?"

ಕಣ್ಣು ಬಿಟ್ಟೆ. ಆ ಗವಿಗತ್ತಲಲ್ಲಿ ಪ್ಲೇಯರಿನ ಮುಖದ ಮೇಲೆ ಒಂದು ಕೆಂಪು ಚುಕ್ಕೆ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು! ನನ್ನ ಕಪ್ಪು ಟೇಪ್ ಎಲ್ಲಿ? ಅತ್ತೆಯ ಕಡೆ ತಿರುಗಿದೆ. ಕನ್ನಡಕದ ಮುರಿದ ಕಾಲಿಗೆ ನೀಟಾಗಿ ಸುತ್ತಿಕೊಂಡು, ಆರಾಮಾಗಿ ಕೂತಿದ್ದಾರೆ.

ಹೆಂಡತಿ ಒಳಗೆ ಹೋಗಿ, ಆರು ತಿಂಗಳಿಂದ ಬಿಚ್ಚದ ಆ ಪುಸ್ತಕ ತಂದು, ಟಾರ್ಚ್ ಹಿಡಿದು ಓದಿದಳು. "'ಕಾರ್ಖಾನೆಯಿಂದ ಬರುವಾಗ ಯಂತ್ರವು ಮಾಮೂಲಿ ಪದರಕ್ಕೆ ಹೊಂದಿಸಲ್ಪಟ್ಟಿರುತ್ತದೆ. ಸೂಕ್ಷ್ಮ ಪದರಕ್ಕಾಗಿ ಬಲಬದಿಯ ಗುಂಡಿಯನ್ನು ಒತ್ತಿರಿ.' ಮೊದಲನೇ ಪುಟದಲ್ಲೇ ಇದೆ ಕಣ್ರೀ."

ಅಂದರೆ ಆರು ತಿಂಗಳು! ದಿನಕ್ಕೆರಡು ಗಂಟೆ! ನೆಂಟರಿಷ್ಟರನ್ನು ಕೂರಿಸಿಕೊಂಡು 'ಕೇಳಿಸ್ತಾ, ಕೇಳಿಸ್ತಾ' ಅಂತ ಪ್ರಾಣ ತಿಂದದ್ದೆಲ್ಲ ಮಾಮೂಲಿ ಪದರ! ನಾಚಿಕೆಯಿಂದ ಕಿವಿ ಕೆಂಪಗಾಯಿತು, ಇದ್ದ ಒಂದು ಆಸ್ತಿಗೂ ಈ ಗತಿ ಬಂತು. ಆದರೂ ಜಟ್ಟಿಯ ಮೀಸೆ ಇನ್ನೂ ಮಣ್ಣಾಗಿರಲಿಲ್ಲ.

"ಸಾರ್, ಇದು ಗುಂಡಿಯ ತಪ್ಪು, ಕಿವಿಯದಲ್ಲ! ಈಗ ಪರೀಕ್ಷೆ ಮಾಡಿ. ಒಂದೇ ಡಿಸ್ಕು, ಹತ್ತು ಸಲ ಪದರ ಬದಲಾಯಿಸಿ. ಹತ್ತಕ್ಕೆ ಹತ್ತು ಹೇಳ್ತೀನಿ!"

ಹೆಂಡತಿ ಸಮವಸ್ತ್ರದ ನೀಲಿ ಬಟ್ಟೆಯ ತುಂಡು ತಂದು ನನ್ನ ಕಣ್ಣಿಗೆ ಬಿಗಿದು ಕಟ್ಟಿದಳು. ಸ್ವಲ್ಪ ಹೆಚ್ಚೇ ಬಿಗಿದಳು. ಆಮೇಲೆ ಅತ್ತೆಯ ಕಿವಿಯ ಹತ್ತಿರ ಬಾಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಅಮ್ಮಾ! ನೀನೂ ಆಡು! ಮಾಮೂಲಿ ಆದ್ರೆ ಒಂದು ಬೆರಳು! ಹೊಸದಾದ್ರೆ ಎರಡು ಬೆರಳು!" ಗುಂಡಿ ಒತ್ತುವುದು ಅವಳು, ಟಾರ್ಚ್ ಬೆಳಕಿನಲ್ಲಿ ಅಂಕ ಬರೆಯುವುದು ಯಜಮಾನರು.

ಹಾಡು ಶುರುವಾಯಿತು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಒಮ್ಮೆ ಹೊಸದು ಅನ್ನಿಸಿತು. ಮರುಕ್ಷಣ ಹಳೆಯದು ಅನ್ನಿಸಿತು. ಮೂರನೆಯ ಸಲಕ್ಕೆ ಎರಡೂ ಅಲ್ಲದ ಯಾವುದೋ ಅನ್ನಿಸಿತು. ಅಷ್ಟರಲ್ಲಿ ಕಾಲಿಗೆ ತಣ್ಣಗೆ ಏನೋ ತಾಗಿತು. ಫ್ರಿಜ್ಜಿನ ಹಿಮವೆಲ್ಲ ಕರಗಿ ಹಜಾರಕ್ಕೆ ಹರಿದು ಬರುತ್ತಿತ್ತು! "ಇರಲಿ ಬಿಡಮ್ಮಾ, ತಂಪಾಗಿದೆ" ಅಂದರು ಯಜಮಾನರು. ಆ ದಿನ ನಮ್ಮ ಮನೆಯಲ್ಲಿ ಅವರಿಗೆ ಸಿಕ್ಕಿದ ಒಂದೇ ಸುಖ ಅದು. ನಾನು ಒದ್ದೆ ಕಾಲಿನಲ್ಲೇ "ಹೊಸದು!", "ಮಾಮೂಲಿ!", "ಹೊಸದು, ಖಂಡಿತ ಹೊಸದು!" ಅಂತ ಕೂಗುತ್ತಾ ಹೋದೆ.

ಹತ್ತು ಮುಗಿಯಿತು. ಕಣ್ಣಿನ ಪಟ್ಟಿ ಬಿಚ್ಚಿದರು. ಯಜಮಾನರು ಗಂಟಲು ಸರಿಮಾಡಿಕೊಂಡರು.

"ಅಂಗಡಿಯ ಕಿವಿ, ಹತ್ತಕ್ಕೆ ಮೂರು."

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕಣ್ಣು ಮುಚ್ಚಿ ನಾಣ್ಯ ಎಸೆದಿದ್ದರೂ ಐದು ಬರುತ್ತಿತ್ತಲ್ಲ!

"ಆದರೆ ಅಮ್ಮನವರು..." ಯಜಮಾನರು ಅಂಕಗಳನ್ನು ಇನ್ನೊಮ್ಮೆ ಎಣಿಸಿದರು. "ಹತ್ತಕ್ಕೆ ಹತ್ತು!"

ನನ್ನ ಆಸೆ ಚಂಗನೆ ಎದ್ದು ಕೂತಿತು. ನನಗೆ ತಿಳಿಯದಿದ್ದರೇನು, ಡಿಸ್ಕು ಗೆದ್ದಿತಲ್ಲ! "ನೋಡಿದ್ರಾ ಸಾರ್! ನಾನು ಹೇಳಿರಲಿಲ್ವಾ, ಕಿವುಡರಿಗೂ ಗೊತ್ತಾಗುತ್ತೆ ಅಂತ!"

ಯಜಮಾನರು ಎದ್ದು ಹೋಗಿ ಅತ್ತೆಗೆ ಕೈ ಮುಗಿದರು. ಎಷ್ಟು ಕೂಗಿದರೂ ಅವರಿಗೆ ಕೇಳಲಿಲ್ಲ. ಕೊನೆಗೆ ಹೆಂಡತಿ ಕಿವಿಯ ಮೆಷಿನ್ ತಂದು ಹಾಕಿದಳು. ಕುಂಯ್ ಅಂತು.

"ಅಮ್ಮಾ, ಇಷ್ಟು ಸೂಕ್ಷ್ಮ ನಿಮಗೆ ಹೇಗೆ ಗೊತ್ತಾಯ್ತು?"

"ಅದರಲ್ಲೇನಪ್ಪಾ ಸೂಕ್ಷ್ಮ?" ಅತ್ತೆ ಕನ್ನಡಕ ಸರಿಮಾಡಿಕೊಂಡು ಪ್ಲೇಯರ್ ಕಡೆ ಬೆರಳು ತೋರಿಸಿದರು. "ಮೊದಲಿಂದ ಉರೀತಿದ್ದ ಕೆಂಪು ದೀಪಕ್ಕೆ ಒಂದು ಬೆರಳು, ಹೊಸದಾಗಿ ಬಂದ ನೀಲಿ ದೀಪಕ್ಕೆ ಎರಡು. ಅಷ್ಟೇ ತಾನೇ ಆಟ? ಅದಿರಲಿ, ಹಾಡು ಯಾವಾಗ ಹಾಕ್ತೀರಾ?"

ಯಜಮಾನರು ಮೊದಲು ನಕ್ಕರು. ನಗುತ್ತಾ ನಗುತ್ತಾ ಗಂಭೀರರಾದರು. ವ್ಯಾಪಾರಿಯ ತಲೆಯಲ್ಲಿ ಏನೋ ಹೊಳೆದಿತ್ತು.

"ನಿನ್ನ ಹನ್ನೊಂದು ಪುಟದಲ್ಲಿ ಇಲ್ಲದ್ದನ್ನ ನಿಮ್ಮತ್ತೆ ಒಂದು ಮಾತಲ್ಲಿ ಹೇಳಿದ್ರು ಕಣಯ್ಯಾ. ಕಿವಿಗೆ ಗೊತ್ತಾಗದ್ದನ್ನ ಯಾರೂ ಕೊಳ್ಳಲ್ಲ. ಕಣ್ಣಿಗೆ ಕಾಣೋದನ್ನ ಎಲ್ಲರೂ ಕೊಳ್ತಾರೆ. ನಾಳೆಯಿಂದ ನೀನು ಮುಂದಿನ ಹಾಲ್‌ಗೆ ಬಾ."

ಮುಂದಿನ ಹಾಲ್! ಗಾಜಿನ ಕೋಣೆ ಕೊಟ್ಟೇಬಿಟ್ಟರು ಅಂತ ಕುಣಿಯುವಂತಾಯಿತು. ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಗಾಜಿತ್ತು ನಿಜ. ಗಾಜಿನ ಬಲ್ಬುಗಳು! ದೀಪದ ಕಂಪನಿಯವರಿಗೆ ಹಾಲ್ ಕೊಟ್ಟು, ನನ್ನನ್ನು ಅದರ ಉಸ್ತುವಾರಿಗೆ ಹಾಕಿದ್ದರು. ತಿರುಗುವ ಕುರ್ಚಿ ಇರಲಿಲ್ಲ, ಏಣಿ ಇತ್ತು.

ಮನೆಯಲ್ಲಿ ಹೊಲಿಗೆ ಮೆಷಿನ್ ಕಿಟಕಿಗೆ ವಾಪಸಾಯಿತು. ನಾನೇ ಹೊತ್ತು ತಂದಿಟ್ಟೆ. ಪ್ಲೇಯರ್ ಬಚ್ಚಲ ಓಣಿಗೆ ಹೋಯಿತು. ಮೆಷಿನ್ನಿನ ಕಟಕಟ ಕೇಳುತ್ತಾ ಕೂತರೆ, ನಿಜ ಹೇಳುತ್ತೇನೆ, ಅವಳನ್ನು ಆರು ತಿಂಗಳು ಆ ಕತ್ತಲಲ್ಲಿ ಕೂರಿಸಿದ್ದಕ್ಕೆ ನನಗೇ ನಾಚಿಕೆಯಾಗುತ್ತದೆ. ಅತ್ತೆಗೆ ಹೊಸ ಕನ್ನಡಕ ಕೊಡಿಸುತ್ತೇನೆ ಅಂದೆ. "ಬೇಡ ಬಿಡಿ, ಈ ಟೇಪು ಅದೃಷ್ಟದ್ದು" ಅಂದರು.

ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಮೊನ್ನೆ ಸಂಜೆ ಅಂಗಡಿಯಿಂದ ಎರಡು ಬಲ್ಬ್ ತಂದೆ. ಹೆಂಡತಿ ದಾರದ ಬಣ್ಣ ಜೋಡಿಸುತ್ತಾ ಕೂತಿದ್ದಳು. ಒಂದನ್ನು ಹಾಕಿ, ತೆಗೆದು, ಇನ್ನೊಂದನ್ನು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ನೋಡೇ! ಇದು ಮಾಮೂಲಿ ಬಿಳುಪು, ಇದು ಮುತ್ತಿನ ಬಿಳುಪು. ಎಲ್ಲರಿಗೂ ತಿಳಿಯಲ್ಲ, ಅದಕ್ಕೆ ನನ್ನಂಥ ಕಣ್ಣು ಬೇಕು!"

ಅವಳು ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತಲೇ, ಪಕ್ಕದಲ್ಲಿದ್ದ ನೀಲಿ ಬಟ್ಟೆಯ ತುಂಡನ್ನು ನನ್ನ ಕಡೆ ಚಾಚಿದಳು.

"ಹೌದಾ? ಎಲ್ಲಿ, ಕಣ್ಣು ಮುಚ್ಚಿಕೊಂಡು ಹೇಳಿ ನೋಡೋಣ!"