ಟೈಲರಮ್ಮನ ಕನ್ನಡಿಯೂ ಕಲಂ ಸಾಹೇಬರ ಎಣಿಕೆಯೂ

"ಏಳೇ ದಿನ. ಎಂಟನೇ ದಿನ ನಮ್ಮ ಮನೆ ಮುಂದೆ ಜೀಬ್ರಾ ಪಟ್ಟೆ ಇಲ್ಲದೆ ಹೋದರೆ ನನ್ನನ್ನ ಕಲಂ ಸಾಹೇಬ ಅಂತ ಕರೀಬೇಡ," ಎಂದು ಊಟದ ತಟ್ಟೆಯ ಮುಂದೆ ಕುಳಿತ ಕಲಂ ಸಾಹೇಬರು ಘೋಷಿಸಿದರು.

"ನಾನೆಲ್ಲಿ ಕರೀತೀನಿ? ನಿಮ್ಮ ಆಫೀಸಿನವರು ಕರೀತಾರೆ. ಅದೂ ನಿಮ್ಮ ಬೆನ್ನ ಹಿಂದೆ," ಎಂದರು ಹೆಂಡತಿ.

ಅದು ನಿಜ. ಪುರಸಭೆಯ ರಸ್ತೆ ಚಿಹ್ನೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತರಾಗಿದ್ದ ಅವರಿಗೆ, ಯಾವ ತಿರುವಿನಲ್ಲಿ ಎಷ್ಟು ಅಗಲದ ಬಿಳಿ ಗೆರೆ, ಯಾವ ಕಂಬಕ್ಕೆ ಯಾವ ಫಲಕ, ಯಾವ ಸಿಗ್ನಲ್ಲಿನ ಕೆಂಪು ದೀಪ ಎಷ್ಟು ಸೆಕೆಂಡು ಎಂಬುದೆಲ್ಲ ಬಾಯಿಪಾಠ. ಒಲೆಯ ಮೇಲೆ ಹಾಲು ಉಕ್ಕಿದರೂ ಅದು ಯಾವ ಕಲಮಿನ ಪ್ರಕಾರ ಉಕ್ಕಿತು ಎಂದು ವಿಚಾರಿಸುವ ಆಸಾಮಿ. ಇಷ್ಟೆಲ್ಲ ಇದ್ದೂ ಅವರ ಮನೆಯ ಮುಂದಿನ ರಸ್ತೆಗೆ ಮಾತ್ರ ಒಂದು ಚುಕ್ಕೆ ಬಣ್ಣವೂ ಬಿದ್ದಿರಲಿಲ್ಲ.

ಅವರ ಹೆಂಡತಿಯನ್ನು ಇಡೀ ಬೀದಿ ಟೈಲರಮ್ಮ ಎನ್ನುತ್ತಿತ್ತು. ಮನೆ ರಸ್ತೆಯ ಈಚೆಗೆ, ಹೊಲಿಗೆ ಅಂಗಡಿ ಸರಿಯಾಗಿ ಎದುರಿಗೆ, ಆಚೆಗೆ. ಕೂಗಿದರೆ ಕೇಳುವಷ್ಟು ಹತ್ತಿರ. ದಾಟಬೇಕೆಂದರೆ ಕಾಲು ಗಂಟೆ. ಎರಡು ತಿಂಗಳ ಹಿಂದೆ ಒಂದು ವ್ಯಾನು ಪಕ್ಕದಲ್ಲೇ ಸವರಿಕೊಂಡು ಹೋಗಿ, ಬಟ್ಟೆಯ ಗಂಟಿನ ಸಮೇತ ಅವರನ್ನು ನೆಲಕ್ಕೆ ಕೆಡವಿತ್ತು. ಗಂಟಿಗೆ ಏನೂ ಆಗಲಿಲ್ಲ. ಮಂಡಿ ಮಾತ್ರ ಅಂದಿನಿಂದ ಮಡಚಿಕೊಳ್ಳಲು ಒಲ್ಲೆ ಎನ್ನುತ್ತಿತ್ತು.

"ಪಟ್ಟೆ ಬಳಿಸಿದರೆ ಸರಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಅಂಗಡಿ ಮುಚ್ತೀನಿ," ಎಂದರು ಟೈಲರಮ್ಮ. "ಹದಿನೆಂಟು ವರ್ಷ ಓಡಿಸಿದ ಅಂಗಡಿ. ಓಡೋದಕ್ಕೆ ಈಗ ನನ್ನಿಂದಾಗಲ್ಲ."

ಇದನ್ನು ಅವರು ತಟ್ಟೆಗೆ ಬಡಿಸುತ್ತ ಹೇಳಿದರೇ ಹೊರತು ದನಿ ಏರಿಸಲಿಲ್ಲ. ಅದಕ್ಕೇ ಕಲಂ ಸಾಹೇಬರು ತಟ್ಟೆ ಸರಿಸಿ, ವಿಭಾಗದ ನಿಯಮಗಳ ಪುಸ್ತಕ ತೆರೆದರು.

ಅಣ್ಣ ಪುರಸಭೆಯಲ್ಲಿದ್ದರೆ ತಮ್ಮನ ಮನೆಗೆ ಎರಡು ನಲ್ಲಿ ಬರುವ ಊರಲ್ಲಿ, ಒಂದು ಡಬ್ಬ ಬಣ್ಣ ತರುವುದು ದೊಡ್ಡದೇನಲ್ಲ. ಆದರೆ ಕಲಂ ಸಾಹೇಬರಿಗೆ ಆ ದಾರಿಯೇ ಗೊತ್ತಿಲ್ಲ. ಅವರ ಪುಸ್ತಕ ಸ್ಪಷ್ಟವಾಗಿ ಹೇಳುತ್ತಿತ್ತು: ಒಂದು ಗಂಟೆಯಲ್ಲಿ ನೂರು ಸಲ ರಸ್ತೆ ದಾಟಿದ ಲೆಕ್ಕ ಸಿಗಬೇಕು. ವಾರದಲ್ಲಿ ಮೂರು ಸಲ ಎಣಿಸಬಹುದು. ಮೂರರಲ್ಲೂ ಸೋತರೆ ಇನ್ನು ಐದು ವರ್ಷ ಆ ರಸ್ತೆಯ ಸುದ್ದಿ ಎತ್ತುವಂತಿಲ್ಲ. ಮತ್ತು ಎಣಿಸುವವನ ಮನೆಯವರು ಎಷ್ಟು ಸಲ ದಾಟಿದರೂ ಲೆಕ್ಕಕ್ಕಿಲ್ಲ.

"ಅಂದರೆ ಯಾರ ಮಂಡಿ ಹೋಗಿದೆಯೋ ಅವಳು ಜನಾನೇ ಅಲ್ಲ," ಎಂದರು ಟೈಲರಮ್ಮ.

"ಹಾಗಲ್ಲ ಕಣೇ. ನೀನು ಜನ. ಸಂಖ್ಯೆ ಅಲ್ಲ, ಅಷ್ಟೇ."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕಲಂ ಸಾಹೇಬರು ಮನೆಯ ಮುಂದೆ ಸ್ಟೂಲು ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒತ್ತಿದರೆ 'ಕಟ್' ಎಂದು ಒಂದು ಅಂಕಿ ಮುಂದಕ್ಕೆ ಹೋಗುವ ಎಣಿಕೆ ಯಂತ್ರವನ್ನು ಕೈಯಲ್ಲಿ ಹಿಡಿದು ಕುಳಿತರು. ಮಹಾಯುದ್ಧಕ್ಕೆ ಹೊರಟ ಸೇನಾಪತಿಯ ಗತ್ತು! ಹನ್ನೊಂದಕ್ಕೆ ಎದ್ದಾಗ ಯಂತ್ರದಲ್ಲಿದ್ದ ಸಂಖ್ಯೆ ಒಂಬತ್ತು. ಅದರಲ್ಲಿ ಒಂದು ನಾಯಿ. ಅಭ್ಯಾಸಬಲದಿಂದ ಬೆರಳು ಒತ್ತಿಬಿಟ್ಟಿತ್ತು. ಷರಾ ಬರೆದು ಅದನ್ನು ಕಳೆದರು.

"ದಾಟೋಕೆ ಆಗದೇ ಇರೋದಕ್ಕೇ ಪಟ್ಟೆ ಬೇಕು ಅನ್ನೋದು. ದಾಟೋ ಹಾಗಿದ್ದರೆ ಪಟ್ಟೆ ಯಾಕ್ರೀ ಬೇಕಿತ್ತು?" ಎಂದರು ಟೈಲರಮ್ಮ.

ಕಲಂ ಸಾಹೇಬರು ಪುಸ್ತಕ ತಿರುವಿದರು. ಈ ಪ್ರಶ್ನೆಗೆ ಕಲಂ ಇರಲಿಲ್ಲ.

ಬುಧವಾರ ಎರಡನೆಯ ಎಣಿಕೆ. ಜನರಿಗೆ ತಿಳಿಯಲಿ ಎಂದು ಅವರು ಆಫೀಸಿನಿಂದ ದೊಡ್ಡ ಹಳದಿ ಫಲಕ ತರಿಸಿ ನಿಲ್ಲಿಸಿದರು: 'ಪಾದಚಾರಿಗಳನ್ನು ಎಣಿಸಲಾಗುತ್ತಿದೆ.' ಫಲಕ ಓದಿದವರೆಲ್ಲ ಗಕ್ಕನೆ ನಿಂತರು. ಎಣಿಸುವುದೆಂದರೆ ಏನೋ, ಆಮೇಲೆ ಮನೆಗೆ ನೋಟೀಸು ಬಂದರೆ ಯಾರು ಅನುಭವಿಸುವವರು? ರಸ್ತೆಯ ಎರಡೂ ಬದಿಗೆ ಜನ ಜಾತ್ರೆಯಂತೆ ಸೇರಿ, ಯಾರು ದಾಟಿ ಸಿಕ್ಕಿಬೀಳುತ್ತಾರೋ ಎಂದು ಕಾದರು. ಒಬ್ಬ ಅಜ್ಜ ಬಂದು ಸಾಹೇಬರ ಕಿವಿಯಲ್ಲಿ ಕೇಳಿದ:

"ಯಾರನ್ನ ಹುಡುಕ್ತಾ ಇದೀರಿ ಸ್ವಾಮಿ?"

"ಯಾರನ್ನೂ ಇಲ್ಲ. ನೀವು ದಾಟಿ ಅಜ್ಜ."

"ನಾನ್ಯಾಕಪ್ಪ ದಾಟಲಿ? ನಾನೇನು ಮಾಡಿದೀನಿ?"

ಅಂದಿನ ಒಟ್ಟು ನಾಲ್ಕು. ಆ ನಾಲ್ಕರ ಮುಂದೆ ಒಂದು ಸೊನ್ನೆ, ಇನ್ನೊಂದು ಸೊನ್ನೆ ಇಟ್ಟಿದ್ದರೆ ಕೇಳುವವರು ಯಾರಿದ್ದರು ಎಂದು ಮುಂದಿನ ವರ್ಷಗಳಲ್ಲಿ ಗೆಳೆಯರು ಎಷ್ಟು ಸಲ ಛೇಡಿಸಿದರೂ, ಹೋದ ತಿಂಗಳು ಕಣ್ಣು ಮುಚ್ಚುವವರೆಗೂ ಅವರು ಆ ಮಾತಿಗೆ ನಗಲಿಲ್ಲ. "ನಾಲ್ಕು ಅಂದರೆ ನಾಲ್ಕೇ ಕಣಯ್ಯ," ಎನ್ನುತ್ತಿದ್ದರು.

ಆ ಬುಧವಾರ ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ಟೈಲರಮ್ಮ ಗಂಡನ ಮುಖವನ್ನೂ ಕೈಯಲ್ಲಿದ್ದ ಯಂತ್ರವನ್ನೂ ನೋಡಿ ಕೇಳಿದರು:

"ಜನ ನೂರು ಬೇಕಾ, ದಾಟೋದು ನೂರಾದರೆ ಸಾಕಾ?"

"ದಾಟೋದು."

"ಹೋಗಿ ಬಂದರೆ ಎರಡಾ?"

"ಎರಡು."

"ಸರಿ, ಊಟ ಮಾಡಿ," ಎಂದು ಅವರು ಅಂಗಡಿಗೆ ಹೋದರು.

ಶುಕ್ರವಾರ ಹತ್ತು ಗಂಟೆ. ಕಲಂ ಸಾಹೇಬರು ಹಳದಿ ಫಲಕವನ್ನು ಮನೆಯೊಳಗೇ ಬಿಟ್ಟು ಸ್ಟೂಲಿನ ಮೇಲೆ ಕುಳಿತರು. ಕುಳಿತು ಐದು ನಿಮಿಷವಾಗಿಲ್ಲ, ಎದುರಿನ ಅಂಗಡಿಯಿಂದ ಬಿಳಿ ಮೇಲಂಗಿ ತೊಟ್ಟ ಹೆಂಗಸೊಬ್ಬಳು ಕೈ ಅಡ್ಡ ಹಿಡಿದು ರಸ್ತೆ ದಾಟಿ ಬಂದಳು. ಕಟ್. ಅವಳ ಹಿಂದೆ ಇನ್ನೊಬ್ಬಳು. ಕಟ್. ಆಮೇಲೆ ಮೂವರು, ಆಮೇಲೆ ಐವರು. ಕಪ್ಪು ಟಾರಿನ ಮೇಲೆ ಬಿಳಿ ಮೇಲಂಗಿಗಳು ಸಾಲಾಗಿ ಬರುವುದನ್ನು ನೋಡಿದರೆ, ಪಟ್ಟೆಗಳೇ ಬೇಸರ ಬಂದು ತಾವಾಗಿ ಎದ್ದು ಬಂದಂತಿತ್ತು. ಊರಾಚೆಯ ಬ್ರೆಡ್ ಕಾರ್ಖಾನೆಯ ಇಪ್ಪತ್ತಾರು ಜನ ಕೆಲಸದವರು! ಬಂದವರು ಸಾಹೇಬರ ಮನೆಯ ಜಗಲಿ ಹತ್ತುವರು, ಅತ್ತಿತ್ತ ತಿರುಗುವರು, ಮತ್ತೆ ದಾಟಿ ಅಂಗಡಿಗೆ ಹೋಗುವರು. ಕಟ್, ಕಟ್, ಕಟ್. ಸಾಹೇಬರ ಎದೆ ಉಬ್ಬಿತು. ಇದಕ್ಕಲ್ಲವೆ ಸಾರ್ವಜನಿಕ ಬೇಡಿಕೆ ಎನ್ನುವುದು?

ಎಪ್ಪತ್ತೊಂದಕ್ಕೆ ಬಂದಾಗ ಅವರು ಸುಮ್ಮನೆ ಒಮ್ಮೆ ಹಿಂದೆ ತಿರುಗಿದರು. ಜಗಲಿಯ ಗೋಡೆಗೆ ಹೊಲಿಗೆ ಅಂಗಡಿಯ ಆಳೆತ್ತರದ ಕನ್ನಡಿ ಒರಗಿತ್ತು.

"ಏನೇ ಇದು?" ಎಂದು ಅವರು ರಸ್ತೆಯ ಈಚೆಯಿಂದ ಕೂಗಿದರು.

"ಕನ್ನಡಿ," ಎಂದು ಟೈಲರಮ್ಮ ಆಚೆಯಿಂದ ಉತ್ತರ ಕೊಟ್ಟರು. "ನಾನು ಹೊಲಿದ ಹೊಸ ಮೇಲಂಗಿ ಸರಿಯಾಗಿದೆಯೋ ಇಲ್ಲವೋ ನೋಡಿಕೊಳ್ಳಬೇಡವಾ ಅವರು?"

"ಅಂಗಡಿಯಲ್ಲಿ ಇತ್ತಲ್ಲ!"

"ಅಲ್ಲಿ ಬೆಳಕು ಸಾಲಲ್ಲ. ಕನ್ನಡಿ ಎಲ್ಲಿರಬೇಕು ಅಂತ ನಿಮ್ಮ ಪುಸ್ತಕದಲ್ಲಿ ಇದೆಯಾ ನೋಡಿ."

ಕಲಂ ಸಾಹೇಬರು ನಿಜವಾಗಿಯೂ ನೋಡಿದರು. ಸ್ಟೂಲಿನ ಮೇಲೆ ಕುಳಿತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದರು. ದಾಟುವವರು ಯಾಕೆ ದಾಟುತ್ತಾರೆ ಎಂದು ಕೇಳುವ ಅಧಿಕಾರವನ್ನು ನಿಯಮ ಎಣಿಸುವವನಿಗೆ ಕೊಟ್ಟಿರಲಿಲ್ಲ. ಸಮಾಧಾನದ ಉಸಿರು ಬಿಟ್ಟು ತಲೆ ಎತ್ತುವಷ್ಟರಲ್ಲಿ ಆರು ಜನ ದಾಟಿ ಹೋಗಿಯಾಗಿತ್ತು.

"ಆ ಆರು ಬರೆದುಕೊಂಡ್ರಾ?"

"ನಾನು ನೋಡಲಿಲ್ಲ. ನೋಡದ್ದನ್ನ ಬರೆಯೋ ಹಾಗಿಲ್ಲ."

ಟೈಲರಮ್ಮ ಹಣೆ ಚಚ್ಚಿಕೊಂಡರು. ಆಮೇಲೆ ಒಬ್ಬೊಬ್ಬರ ತೋಳು ಬಿಗಿ, ಕುತ್ತಿಗೆ ಸಡಿಲ, ಗುಂಡಿ ಸೊಟ್ಟ ಎಂದು ಕಾರಣ ಹುಡುಕಿ ಹುಡುಕಿ ಮತ್ತೆ ಕನ್ನಡಿಗೆ ಕಳಿಸಿದರು. ಬಸ್ಸುಗಳು ನಿಂತವು. ಲಾರಿಗಳು ಹಾರನ್ ಹೊಡೆದವು. ಪೆಟ್ರೋಲ್ ಬಂಕಿನವರೆಗೆ ಸಾಲು ಬೆಳೆಯಿತು. ಹತ್ತು ಗಂಟೆ ಐವತ್ತಾರು ನಿಮಿಷಕ್ಕೆ ಕಾರ್ಖಾನೆಯ ವ್ಯಾನು ಬಂದು ಇಪ್ಪತ್ತಾರು ಜನರನ್ನೂ ತುಂಬಿಕೊಳ್ಳತೊಡಗಿತು. ಯಂತ್ರದಲ್ಲಿ ತೊಂಬತ್ತೆಂಟು.

ಸಾಲಿನ ಮಧ್ಯೆ ಸಿಕ್ಕಿಕೊಂಡಿದ್ದ ಒಂದು ಜೀಪು ಅಂಗಡಿಯ ಪಕ್ಕಕ್ಕೆ ಬಂದು ನಿಂತಿತು. ಅದರಿಂದ ಇಳಿದವರು ಪುರಸಭೆಯ ಎಂಜಿನಿಯರು, ಅಂದರೆ ಸಾಕ್ಷಾತ್ ಸಾಹೇಬರ ಸಾಹೇಬರು. ನಿಂತ ವಾಹನಗಳ ಸಂದಿಯಲ್ಲಿ ದಾಪುಗಾಲಿಟ್ಟು ಬಂದರು.

"ಏನ್ರೀ ಇದು, ನಿಮ್ಮ ಮನೆ ಮುಂದೆ..."

ಕಟ್.

"ಏನದು ಸದ್ದು?"

"ತೊಂಬತ್ತೊಂಬತ್ತು, ಸರ್."

"ನನ್ನನ್ನೂ ಎಣಿಸಿದ್ರಾ?"

"ದಾಟಿದ್ರಲ್ಲ, ಸರ್."

"ಅಳಿಸ್ರೀ ಅದನ್ನ."

"ಈ ಯಂತ್ರ ಹಿಂದಕ್ಕೆ ತಿರುಗಲ್ಲ, ಸರ್. ಅಳಿಸಬೇಕಂದರೆ ನೀವು ನಾಯಿ ಅಂತ ಷರಾ ಬರೀಬೇಕಾಗುತ್ತೆ."

ಎಂಜಿನಿಯರ ಮುಖ ಕೆಂಪು ದೀಪವಾಯಿತು. ಅವರೂ ಪುಸ್ತಕ ಓದಿದವರೇ. ತಾವು ವಾಪಸು ದಾಟಿದರೆ ನೂರಾಗಿ, ತಮ್ಮ ಗುಮಾಸ್ತರ ಮನೆ ಮುಂದೆ ಪಟ್ಟೆ ಬಳಿಸಲೇಬೇಕಾಗುತ್ತದೆ ಎಂದು ತಕ್ಷಣ ಹೊಳೆಯಿತು. ಕೈ ಕಟ್ಟಿ ಅಲ್ಲೇ ನಿಂತರು. "ಹನ್ನೊಂದು ಹೊಡೆಯೋವರೆಗೂ ಕದಲಲ್ಲ," ಎಂದರು. ಕಲಂ ಸಾಹೇಬರು ಕುರ್ಚಿ ತಂದು ಹಾಕಿದರು. ನಿಯಮ ಅದನ್ನು ಬೇಡ ಎಂದಿರಲಿಲ್ಲ.

ಹತ್ತು ಐವತ್ತೆಂಟು. ಜೀಪಿನ ಡ್ರೈವರು ತಲೆ ಹೊರಗೆ ಹಾಕಿದ. "ಸರ್, ಅಧ್ಯಕ್ಷರ ಫೋನು. ಈಗಲೇ ಬೇಕಂತೆ."

"ಇಲ್ಲಿಗೆ ತಗೊಂಡು ಬಾ." ಅಧ್ಯಕ್ಷರೆಂದ ಕೂಡಲೇ ನೂರರ ಲೆಕ್ಕ ಎಂಜಿನಿಯರ ತಲೆಯಿಂದ ಹಾರಿಹೋಗಿತ್ತು.

ಡ್ರೈವರು ಒಂದು ಹೆಜ್ಜೆ ಇಟ್ಟು, ಹಿಂದೆ ಸರಿದ. ಬಿಳಿ ಮೇಲಂಗಿಗಳು ಹೋದದ್ದೇ ತಡ, ಇಷ್ಟು ಹೊತ್ತು ಕಟ್ಟಿಕೊಂಡಿದ್ದ ವಾಹನಗಳೆಲ್ಲ ಕಟ್ಟೆ ಒಡೆದಂತೆ ನುಗ್ಗುತ್ತಿದ್ದವು. "ಆಗ್ತಿಲ್ಲ ಸರ್. ನೀವೇ ಬನ್ನಿ, ನೀವು ದೊಡ್ಡೋರು, ನಿಮಗೆ ನಿಲ್ಲಿಸ್ತಾರೆ."

ದೊಡ್ಡವರು ರಸ್ತೆಗೆ ಇಳಿದು ಕೈ ಎತ್ತಿದರು. ನೀರಿನ ಟ್ಯಾಂಕರು ಅವರ ಟೈ ಹಾರಿಸಿಕೊಂಡು ಹೋಯಿತು. ಹಿಂದಕ್ಕೆ ನೆಗೆದರು. ಮತ್ತೆ ಇಳಿದರು, ಮತ್ತೆ ನೆಗೆದರು. ಕೊನೆಗೆ ಕಣ್ಣು ಮುಚ್ಚಿ, ಮೊಮ್ಮಕ್ಕಳನ್ನು ನೆನೆದು ಓಡಿದರು. ಆಚೆ ದಡ ಸೇರಿ, ಡ್ರೈವರು ಚಾಚಿದ ಫೋನನ್ನೂ ಮರೆತು, ಜೀಪು ಹಿಡಿದು ನಿಂತರು.

ಕಟ್.

"ಏನ್ರೀ ಇದು," ಎಂದರು ಅವರು ಪಕ್ಕದಲ್ಲಿದ್ದ ಟೈಲರಮ್ಮನಿಗೆ, ಏದುಸಿರು ಬಿಡುತ್ತ. "ದಿನಾ ಹೇಗಮ್ಮ ದಾಟ್ತೀರಿ ಇದನ್ನ? ಇಲ್ಲೊಂದು ಪಟ್ಟೆ ಇರಬೇಕಿತ್ತು."

"ನೂರಾಗಿದೆಯಂತೆ ಸ್ವಾಮಿ," ಎಂದರು ಟೈಲರಮ್ಮ, ಎದುರಿಗೆ ಯಂತ್ರ ಎತ್ತಿ ಹಿಡಿದಿದ್ದ ಗಂಡನ ಕಡೆ ನೋಡಿ. "ಈಗಷ್ಟೇ ಆಯ್ತು. ನೀರು ಕುಡೀತೀರಾ?"

ಎಂಟನೆಯ ದಿನ ಬೆಳಿಗ್ಗೆ ಪಟ್ಟೆ ಬಿತ್ತು. ಮಧ್ಯಾಹ್ನಕ್ಕೆ ಬಣ್ಣ ಒಣಗಿತು. ಎರಡೂ ಬದಿಗೆ ಫಲಕ, ನೆಲದ ಮೇಲೆ ನಿಲ್ಲುವ ಗೆರೆ, ಕಾವಲಿಗೆ ಒಬ್ಬ ಪೊಲೀಸು. ಬೀದಿ ಸಂಜೆಯೊಳಗೇ ಅದಕ್ಕೆ ಟೈಲರಮ್ಮನ ಪಟ್ಟೆ ಎಂದು ಹೆಸರಿಟ್ಟು ಮುಗಿಸಿತ್ತು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಊರಿಗೆಲ್ಲ ಗೆರೆ ಎಳೆಸಿದ ಮಹಾನುಭಾವರ ಹೆಸರನ್ನು ಯಾರೂ ಎತ್ತಲಿಲ್ಲ. ಪರವಾಗಿಲ್ಲ, ಮೊದಲ ಸಲ ದಾಟಿಸುವ ಗೌರವವಾದರೂ ತಮ್ಮದೇ ಎಂದುಕೊಂಡು ಕಲಂ ಸಾಹೇಬರು ಮನೆಯ ಕಡೆ ನಿಂತು, ಕೈ ಬೀಸಿ ಹೆಂಡತಿಯನ್ನು ಕರೆದರು.

ಟೈಲರಮ್ಮ ಬಟ್ಟೆಯ ಗಂಟು ಕಂಕುಳಲ್ಲಿಟ್ಟು ಅಂಗಡಿಯಿಂದ ಇಳಿದರು. ಎರಡು ಬಸ್ಸು, ಒಂದು ಲಾರಿ, ಲೆಕ್ಕವಿಲ್ಲದಷ್ಟು ಸ್ಕೂಟರು ಗೆರೆಯ ಹಿಂದೆ ಗಪ್‌ಚಿಪ್ಪಾಗಿ ನಿಂತವು. ಅವರು ಒಂದೊಂದೇ ಪಟ್ಟೆಯ ಮೇಲೆ ಹೆಜ್ಜೆ ಇಟ್ಟು ಬಂದರು. ಸರಿಯಾಗಿ ನಡು ರಸ್ತೆಯಲ್ಲಿ ನಿಂತು, ಗಂಟನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನವಾಗಿ ನೋಡಿದರು.

"ಬೇಗ ಬಾರೇ, ಎಲ್ಲರೂ ನಿಂತಿದಾರೆ," ಎಂದು ಕಲಂ ಸಾಹೇಬರು ಪಿಸುದನಿಯಲ್ಲಿ ಅವಸರಿಸಿದರು.

"ನಿಂತಿರೋದು ಅವರು," ಎಂದರು ಟೈಲರಮ್ಮ. "ನಿಮಗ್ಯಾಕ್ರೀ ಅವಸರ? ಬಂದು ಈ ಗಂಟು ಹಿಡ್ಕೊಳ್ಳಿ."

ಕಲಂ ಸಾಹೇಬರು ಹೋಗಿ ಹಿಡಿದುಕೊಂಡರು.